ಮೆಡಿಕಲ್‌ಗೆ ಮುಂಚಿನ ಸಹಿ

ರೋಲಂಡ್‌ನ ಕಾರಿನಲ್ಲಿ ಬೇರೆ ಹೆಂಗಸಿನ ಲಿಪ್‌ಸ್ಟಿಕ್ಕೋ ಕಿವಿಯೋಲೆಯೋ ಸಿಕ್ಕಿದ್ದರೆ ಬರ್ನಡೆಟ್ ಇಷ್ಟು ಹೌಹಾರುತ್ತಿರಲಿಲ್ಲ. ಸಿಕ್ಕಿದ್ದು ಅವಳೂರಿನ ಬದ್ಧವೈರಿ ಶಿಕಾಗೋ ತಂಡದ ಟೋಪಿ.

ಗಾಜಿನ ಮೇಲಿನ ಹಿಮ ಕೆರೆಯುವ ಪಟ್ಟಿ ಬೇಕೆಂದು ಸೀಟಿನಡಿ ಕೈ ಹಾಕಿದ್ದಳು. ಮೆತ್ತಗೆ ಏನೋ ತಾಗಿತು. ಎಳೆದು ನೋಡಿದರೆ ಹೊಚ್ಚ ಹೊಸ ಟೋಪಿ, ಅಂಗಡಿಯ ಚೀಟಿ ಇನ್ನೂ ತೂಗಾಡುತ್ತಿದೆ. ಮಿಲ್ವಾಕಿಯಲ್ಲಿ ಹುಟ್ಟಿ, ತೊಟ್ಟಿಲಲ್ಲೇ ಬೇಸ್‌ಬಾಲ್ ರೇಡಿಯೋ ಕೇಳಿಕೊಂಡು ಬೆಳೆದವಳು ಅವಳು. ಸತ್ತ ಇಲಿ ಸಿಕ್ಕಿದ್ದರೂ ಅಷ್ಟು ಬೇಗ ಕೈ ಬಿಡುತ್ತಿರಲಿಲ್ಲವೇನೋ. ಟೋಪಿಯನ್ನು ಮತ್ತೆ ಸೀಟಿನಡಿ ತುರುಕಿ ನೆಟ್ಟಗೆ ಕೂತಳು.

ಪೆಟ್ರೋಲ್ ಬಂಕಿನ ಅಂಗಡಿಯಿಂದ ರೋಲಂಡ್ ಎರಡು ಲೋಟ ಕಾಫಿ ಹಿಡಿದು ಬಂದ. ಮೂಗು ಕೆಂಪಾಗಿತ್ತು, ಕುತ್ತಿಗೆಗೆ ಅದೇ ಹಳೇ ಹಸಿರು ಮಫ್ಲರ್. ಬಾಗಿಲು ತೆರೆದು ಅವಳ ಮುಖ ನೋಡಿ ನಕ್ಕ.

"ಏನ್ ಹಂಗ್ ನೋಡ್ತಿದೀಯ? ನಾನೇನ್ ಇವತ್ತು ಜಾಸ್ತಿ ಚೆನ್ನಾಗ್ ಕಾಣ್ತಿದೀನಾ?"

"ಕಾಫಿ ಬಿಸಿ ಇದ್ಯಾ ಅಂತ ನೋಡ್ತಿದ್ದೆ."

"ಕಣ್ಣಲ್ಲಿ ನೋಡಿದ್ರೆ ಗೊತ್ತಾಗುತ್ತಾ? ಮುಟ್ಟು."

ಲೋಟ ಕೊಡುವಾಗ ಅವನ ಬೆರಳು ಅವಳ ಬೆರಳಿನ ಮೇಲೆ ಬೇಕಂತಲೇ ಒಂದು ಗಳಿಗೆ ನಿಂತಿತು. ಬೇರೆ ದಿನವಾಗಿದ್ದರೆ ಅವಳೂ ಬೇಕಂತಲೇ ಬಿಡುತ್ತಿರಲಿಲ್ಲ. ಇವತ್ತು ಸರಕ್ಕನೆ ಲೋಟ ಕಿತ್ತುಕೊಂಡಳು. ಕಾಫಿ ಅವನ ಪ್ಯಾಂಟಿನ ಮೇಲೆ ಚೆಲ್ಲಿತು.

ಬರ್ನಡೆಟ್‌ಗೆ ವಿಮಾ ಕಂಪನಿಯಲ್ಲಿ ಕೆಲಸ. ಸುಟ್ಟ ಅಡುಗೆಮನೆ ನಿಜವಾಗಿ ತಾನಾಗಿಯೇ ಸುಟ್ಟಿದ್ದೋ, ಯಾರಾದರೂ ಸುಟ್ಟಿದ್ದೋ ಎಂದು ಪರಿಶೀಲಿಸುವವಳು. ಅನುಮಾನಪಡುವುದಕ್ಕೇ ಅವಳಿಗೆ ಸಂಬಳ ಕೊಡುತ್ತಿದ್ದರು, ಅವಳು ಮನೆಗೆ ಬಂದಮೇಲೂ ಆ ಕೆಲಸ ಬಿಡುತ್ತಿರಲಿಲ್ಲ. ಬಿಡದಿರುವುದಕ್ಕೆ ಕಾರಣವೂ ಇತ್ತು. ಇಂಥದೇ ಒಂದು ಚಳಿಗಾಲದಲ್ಲಿ ಅವಳ ಗಂಡ ಫೀನಿಕ್ಸ್‌ಗೆ ಆಫೀಸ್ ಕೆಲಸವೆಂದು ಹೋದವನು ಅಲ್ಲೇ ಬೇರೆ ಸಂಸಾರ ಹೂಡಿದ್ದ. ಚಳಿಗಾಲವೆಂದರೆ ಬಿಟ್ಟುಹೋಗುವ ಕಾಲ ಎಂದು ಅವಳ ತಲೆಯಲ್ಲಿ ಅಂದೇ ಕೂತುಬಿಟ್ಟಿತ್ತು. ಆಟಗಾರರೂ ಅಷ್ಟೇ ತಾನೆ? ಅಕ್ಟೋಬರಿನವರೆಗೆ ನಮ್ಮವರು, ಹಿಮ ಬಿದ್ದ ಮೇಲೆ ಯಾರು ಯಾವ ಊರಿನ ಅಂಗಿ ತೊಡುತ್ತಾರೋ ದೇವರೇ ಬಲ್ಲ.

ಅದನ್ನು ಲೆಕ್ಕ ಹಾಕಲೆಂದೇ ಮುದುಕಿ ಹೆಡಿಯ ಹೋಟೆಲು ಇದ್ದದ್ದು. ಕುಡಿಯಲು ಬ್ರಾಂದಿ, ಶುಕ್ರವಾರ ಹುರಿದ ಮೀನು, ಆಲೂಗಡ್ಡೆ ದೋಸೆ, ನೆಲಮಾಳಿಗೆಯಲ್ಲಿ ಗುಂಡು ಉರುಳಿಸಿ ಗೂಟ ಕೆಡವುವ ಬೌಲಿಂಗ್ ಆಡುವ ಜಾಗ. ಗೋಡೆಗೆ ಒಂದು ಕರಿಹಲಗೆ. ಮೈದಾನದಲ್ಲಿ ಆಟ ನಿಂತ ಮೇಲೆ ಆ ಹಲಗೆಯ ಮುಂದೆ ನಿಜವಾದ ಆಟ ಶುರು. ಹೋಗುವವರು, ಬರುವವರು, ಉಳಿಯುವವರು ಎಂದು ಮೂರು ಸಾಲು. ಯಾರನ್ನು ಬಿಟ್ಟುಕೊಡಬೇಕು, ಯಾರನ್ನು ತರಬೇಕು ಎಂದು ಗಿರಾಕಿಗಳೆಲ್ಲ ಗಂಟಲು ಹರಿದುಕೊಂಡು ಬರೆಯುವರು. ಬರೆದದ್ದು ಸುಳ್ಳಾದರೆ ಶಿಕ್ಷೆ: ಒಂದಿಡೀ ಸಂಜೆ ಶಿಕಾಗೋ ಟೋಪಿ ಹಾಕಿಕೊಂಡು ಕೂರಬೇಕು.

ಇನ್ನೊಂದು ನಿಯಮ ಬರ್ನಡೆಟ್‌ಳದೇ. ಒಪ್ಪಂದ ಕುದುರಿದ ಆಟಗಾರನಿಗೆ ತಂಡದ ಡಾಕ್ಟರು ಮೈಪರೀಕ್ಷೆ ಮಾಡುತ್ತಾರಲ್ಲ, ಆ ಮೆಡಿಕಲ್ ಪಾಸಾಗುವ ತನಕ ಯಾರ ಹೆಸರನ್ನೂ 'ಉಳಿಯುವವರು' ಸಾಲಿನಲ್ಲಿ ಬರೆಯುವ ಹಾಗಿಲ್ಲ. ಒಮ್ಮೆ ಒಬ್ಬ ಆಟಗಾರ ಸಿಕ್ಕೇಬಿಟ್ಟನೆಂದು ಎಲ್ಲರೂ ಕುಡಿದು ಕುಣಿದು, ಮಾರನೇ ದಿನ ಮೆಡಿಕಲ್‌ನಲ್ಲಿ ಅವನ ಭುಜ ಕೆಟ್ಟಿದೆಯೆಂದು ಗೊತ್ತಾಗಿ, ಪೋಸ್ಟ್‌ಮನ್ ಕ್ಯಾಸ್ಮಿರ್ ಗೊಳೋ ಎಂದು ಅತ್ತಿದ್ದ. ಅಂದಿನಿಂದ ಈ ನಿಯಮ.

ಹೋದ ಚಳಿಗಾಲ ರೋಲಂಡ್ ಆ ನೆಲಮಾಳಿಗೆಯ ಬೌಲಿಂಗ್ ಯಂತ್ರ ರಿಪೇರಿಗೆ ಬಂದವನು. ಕೈತುಂಬ ಗ್ರೀಸು ಮೆತ್ತಿಕೊಂಡು ಮೇಲೆ ಬಂದು ಹಲಗೆ ಓದಿ, "ಇದ್ಯಾರ್ ರೀ ಬರ್ದಿದ್ದು? ಈ ಹುಡುಗನ್ನ ಬಿಟ್ಕೊಟ್ರೆ ಮೂರನೇ ಬೇಸ್‌ನಲ್ಲಿ ಯಾರ್ ನಿಲ್ತಾರೆ, ನಿಮ್ಮಜ್ಜೀನಾ?" ಎಂದಿದ್ದ.

"ನಮ್ಮಜ್ಜಿ ನಿಂತ್ರೂ ಅವನಿಗಿಂತ ಚೆನ್ನಾಗ್ ಹಿಡೀತಾಳೆ," ಎಂದಿದ್ದಳು ಬರ್ನಡೆಟ್. "ಮೊದ್ಲು ಕೈ ತೊಳ್ಕೊಂಡ್ ಬನ್ನಿ, ಆಮೇಲ್ ಬುದ್ಧಿ ಹೇಳಿ."

ಅವನು ನಿಜಕ್ಕೂ ಕೈ ತೊಳೆದುಕೊಂಡು ಬಂದು ಅವಳ ಪಕ್ಕದಲ್ಲೇ ಕೂತ. ಅಂದಿನಿಂದ ಆ ಕುರ್ಚಿ ಅವನದೇ ಆಯಿತು.

ಈ ಚಳಿಗಾಲದ ದೊಡ್ಡ ಜಗಳ ಲಿಂಡ್‌ಹಾಮ್‌ನದು. ಊರಿಗೆಲ್ಲ ಮುದ್ದಿನ ಪಿಚರ್, ಚೆಂಡೆಸೆಯುವವನು. ಮೊಣಕೈ ಆಪರೇಷನ್ ಆಗಿ ಒಂದು ಸೀಸನ್ ಪೂರ್ತಿ ಆಡಿರಲಿಲ್ಲ, ಈಗ ಒಪ್ಪಂದವೂ ಮುಗಿದಿತ್ತು. ಉಳಿಸಿಕೊಳ್ಳಬೇಕೋ ಬೇಡವೋ? ಡಿಸೆಂಬರಿನ ಒಂದು ಶುಕ್ರವಾರ ಬರ್ನಡೆಟ್ ಸೀಮೆಸುಣ್ಣ ಹಿಡಿದು ಎದ್ದು ನಿಂತಿದ್ದಳು.

"ಒಂದ್ಸಲ ಕೊಯ್ದಿರೋ ಕೈ ಅದು! ಯಾವಾಗ್ ಮತ್ತೆ ಕೈಕೊಡುತ್ತೋ ಯಾರಿಗ್ ಗೊತ್ತು? ಪ್ರೀತಿ ಬೇರೆ, ಒಪ್ಪಂದ ಬೇರೆ. ಕೆಟ್ಟೋಗಿರೋ ಮಾಲು ಅಂತ ಗೊತ್ತಿದ್ದೂ ಮೂರು ವರ್ಷಕ್ಕೆ ಸಹಿ ಹಾಕೋರಿಗೆ ತಲೆ ಕೆಟ್ಟಿರ್ಬೇಕು. ಲಿಂಡ್‌ಹಾಮ್ ಹೋಗ್ತಾನೆ, ಬರ್ಕೊಳ್ಳಿ!"

ಎಲ್ಲರೂ ಹೋ ಎಂದು ಮೇಜು ಕುಟ್ಟಿದರು. ರೋಲಂಡ್ ಮಾತ್ರ ಸುಮ್ಮನೆ ಮಫ್ಲರನ್ನು ಸರಿಮಾಡಿಕೊಂಡ. ಅದನ್ನು ಅವಳು ನೋಡಿದ್ದಳು. ಲಿಂಡ್‌ಹಾಮ್ ಉಳಿಯಲಿ ಎನ್ನುತ್ತಿದ್ದವನು, ವಾದದಲ್ಲಿ ಸೋತ ಮುನಿಸು ಎಂದುಕೊಂಡಳು.

ಟೋಪಿ ಸಿಕ್ಕಿದ ಮೇಲೆ ಹಳೆಯದೆಲ್ಲ ಒಂದೊಂದಾಗಿ ನೆನಪಾಗತೊಡಗಿತು. ಜನವರಿಯಲ್ಲಿ ಎರಡು ಸಲ ಅವನು ಫೋನಿಗೆ ಸಿಕ್ಕಿರಲಿಲ್ಲ. ಕೇಳಿದರೆ, "ದೂರದ್ ಕೆಲ್ಸ ಇತ್ತು ಕಣೆ," ಎಂದಿದ್ದ. ದೂರವೆಂದರೆ ಎಲ್ಲಿ? ಅವಳು ಹೋಟೆಲಿಗೆ ಕಾಲಿಟ್ಟರೆ ಅವನೂ ಹೆಡಿಯೂ ಪಿಸುಪಿಸು ನಿಲ್ಲಿಸಿ ಮೀನಿನ ವಿಷಯ ಮಾತಾಡುತ್ತಿದ್ದರು. ಹೆಡಿಗೆ ಎಪ್ಪತ್ತು ದಾಟಿತ್ತು, ಆದ್ದರಿಂದ ಆ ಅನುಮಾನ ಬೇಡ. ಆದರೆ ಏನೋ ಇತ್ತು.

ಸೋಮವಾರ ಅವನ ಮನೆಯ ದಾರಿಯಾಗಿ ಬಂದಳು. ಅದು ಅವಳ ದಾರಿಯೇ ಅಲ್ಲ, ಸುಮ್ಮನೆ ಬಂದಳು. ಅಂಗಳದ ಹಿಮದಲ್ಲಿ ಬೋರ್ಡು ನೆಟ್ಟಿತ್ತು: ಮನೆ ಮಾರಾಟಕ್ಕಿದೆ.

ಕಾರು ನಿಲ್ಲಿಸಿ ಇಳಿದಳು.

ಆಟಗಾರ ಮನೆ ಮಾರಾಟಕ್ಕಿಟ್ಟನೆಂದರೆ ಏನರ್ಥ ಎಂದು ಹೆಡಿಯ ಹೋಟೆಲಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಬರ್ನಡೆಟ್ ಅಂಥ ಸುಳಿವು ಹಿಡಿದೇ ಎಷ್ಟೋ ಜನರನ್ನು 'ಹೋಗುವವರು' ಸಾಲಿಗೆ ಹಾಕಿ ಗೆದ್ದವಳು.

ಬಾಗಿಲು ಬಡಿಯಲು ಕೈ ಎತ್ತಿದಳು. ಒಳಗೆ ಅವನು ಫೋನಿನಲ್ಲಿ ಮಾತಾಡುತ್ತಿದ್ದ, ಅಡುಗೆಮನೆ ಕಿಟಕಿ ಒಂದಿಷ್ಟು ತೆರೆದಿತ್ತು. "ಬುಧವಾರ ಮೆಡಿಕಲ್, ಶಿಕಾಗೋದಲ್ಲಿ... ಹೌದು, ಅದು ಮುಗಿಯೋ ತನಕ ಅವಳಿಗ್ ಹೇಳಲ್ಲ. ಪಾಸಾದ್ರೆ ಹೇಳ್ತೀನಿ."

ಬರ್ನಡೆಟ್ ಕೈ ಇಳಿಸಿ ಮೆಲ್ಲಗೆ ಕಾರಿಗೆ ವಾಪಸಾದಳು. ಶಿಕಾಗೋ. ಮೆಡಿಕಲ್. ಮನೆ ಮಾರಾಟ. ಟೋಪಿ. ಇನ್ನೇನು ಸಾಕ್ಷಿ ಬೇಕು? ಅಲ್ಲಿ ಯಾವುದೋ ದೊಡ್ಡ ಬೌಲಿಂಗ್ ಕಂಪನಿ ಅವನನ್ನು ಕೆಲಸಕ್ಕೆ ಕರೆದಿದೆ. ಅಲ್ಲಿ ಯಾರೋ ಒಬ್ಬಳು ಮನೆಯನ್ನೂ ನೋಡಿಟ್ಟಿದ್ದಾಳೆ. ಟೋಪಿಯೂ ಅವಳೇ ಕೊಡಿಸಿದ್ದಿರಬೇಕು. ಮಿಚಿಗನ್ ಸರೋವರದ ದಂಡೆಯುದ್ದಕ್ಕೂ ಕಾರು ಓಡಿಸಿಕೊಂಡು ಅತ್ತಳು. ಅಳುತ್ತಲೇ ತೀರ್ಮಾನಿಸಿದಳು. ಹೇಗೂ ಬಿಟ್ಟುಹೋಗುವ ಆಟಗಾರನನ್ನು ಕೊನೆಯ ದಿನದವರೆಗೆ ಇಟ್ಟುಕೊಂಡು ಕೈ ಖಾಲಿ ಮಾಡಿಕೊಳ್ಳುವ ತಂಡದವರು ಪೆದ್ದರು. ಅವನು ಹೋಗುವ ಮೊದಲು ತಾನೇ ಕಳಿಸಿಬಿಡಬೇಕು.

ಶುಕ್ರವಾರ ಸಂಜೆ ಹೋಟೆಲು ತುಂಬಿತ್ತು. ಟಿವಿ ತನ್ನಷ್ಟಕ್ಕೆ ಏನೋ ಹೇಳುತ್ತಿತ್ತು. ರೋಲಂಡ್ ಅವಳಿಗೆಂದು ಮೀನಿನ ಗರಿಗರಿ ಅಂಚನ್ನೆಲ್ಲ ಆರಿಸಿ ತಟ್ಟೆಯ ಒಂದು ಬದಿಗೆ ಇಟ್ಟಿದ್ದ. ಅದು ಅವನ ಅಭ್ಯಾಸ. ಅದನ್ನು ನೋಡಿದರೆ ಅಳು ಬರುತ್ತದೆಂದು ಬರ್ನಡೆಟ್ ನೋಡಲಿಲ್ಲ.

"ರೋಲಂಡ್, ಇಲ್ಲಿಗ್ ಮುಗಿಸೋಣ."

"ಇನ್ನೂ ಶುರುವೇ ಮಾಡಿಲ್ಲ, ಮೀನು ಬಿಸಿ ಇದೆ."

"ಮೀನಲ್ಲ. ನಾವು."

ಅವನ ಕೈಯ ಫೋರ್ಕು ನಿಂತಿತು. "ಯಾಕೆ?"

"ಯಾಕಾ? ನನ್ನನ್ನೇ ಕೇಳ್ತೀಯಾ?" ಚೀಲದಿಂದ ಟೋಪಿ ತೆಗೆದು ತಟ್ಟೆಯ ಪಕ್ಕ ಬಿಸಾಕಿದಳು. ಬರುವಾಗ ಅವನ ಕಾರಿನ ಬಾಗಿಲು ತೆಗೆದು ಅದನ್ನು ಎತ್ತಿಕೊಂಡೇ ಬಂದಿದ್ದಳು. "ಇದ್ಯಾರು ಕೊಡ್ಸಿದ್ದು? ಹೆಸರೇನ್ ಅವಳ್ದು?"

ಕೌಂಟರಿನ ಹಿಂದಿನಿಂದ ಹೆಡಿ ಕಿರುಚಿದಳು. "ಅಯ್ಯೋ, ಅದು ನಂದು ಕಣೇ! ಸೋತೋರಿಗ್ ಹಾಕೋ ಹಳೇ ಟೋಪೀನ ಇಲಿ ತಿಂದ್ಹಾಕಿತ್ತು. ಹೆಂಗೂ ಶಿಕಾಗೋಗ್ ಹೋಗ್ತಿದೀಯಲ್ಲ, ಒಂದು ತಗೊಂಬಾ ಅಂತ ನಾನೇ ಹೇಳಿದ್ದೆ!"

ಹೋಟೆಲಿನಲ್ಲಿ ಯಾರೋ ಕಿಸಕ್ಕೆಂದರು. ಬರ್ನಡೆಟ್ ಸೋಲುವವಳಲ್ಲ. "ಅಂದ್ರೆ ಶಿಕಾಗೋಗ್ ಹೋಗ್ತಾನೆ ಅಂತ ನಿಂಗೂ ಗೊತ್ತು! ಮನೆ ಮಾರ್ತಿದಾನೆ, ಮೆಡಿಕಲ್ ಮಾಡಿಸ್ಕೊಂಡ್ ಬಂದಿದಾನೆ, ಊರಿಗೆಲ್ಲ ಗೊತ್ತು, ನಂಗ್ ಮಾತ್ರ ಇಲ್ಲ. ಯಾವ ಕಂಪ್ನಿ ರೋಲಂಡ್? ಎಷ್ಟು ವರ್ಷದ್ ಒಪ್ಪಂದ?"

ರೋಲಂಡ್ ಮಫ್ಲರಿನ ಗಂಟು ಬಿಚ್ಚಿದ. ಕಿವಿಯ ಕೆಳಗಿಂದ ಕತ್ತಿನ ಬುಡದವರೆಗೆ ಇಳಿದ ಹಳೆಯ ಹೊಲಿಗೆಯ ಗುರುತು. ಅವಳಿಗೆ ಅದು ಗೊತ್ತಿತ್ತು. ಬೌಲಿಂಗ್ ಯಂತ್ರದ ಸರಪಳಿ ತಾಗಿ ಆದದ್ದು ಎಂದಿದ್ದ. ಊರಿನವರ ಮಾತುಗಳನ್ನೆಲ್ಲ ಅಳೆದು ನೋಡುವವಳು ಇದೊಂದನ್ನು ನಂಬಿಬಿಟ್ಟಿದ್ದಳು.

"ಸರಪಳಿ ಅಲ್ಲ ಕಣೆ," ಎಂದ. "ನೀನ್ ಸಿಗೋದಕ್ಕೆ ಮುಂಚೆ ಕ್ಯಾನ್ಸರ್ ಗಂಟಾಗಿತ್ತು. ಕೊಯ್ದು ತೆಗೆದ್ರು. ಸರಿಯಾಯ್ತು ಅಂದ್ರು. ಈಗ ಪಕ್ಕದಲ್ಲೇ ಇನ್ನೊಂದು ಸಣ್ಣದು ಸಿಕ್ಕಿದೆ. ಏನೂ ಇಲ್ದೇನೂ ಇರ್ಬಹುದು ಅಂತಾರೆ. ಅದಕ್ಕೇ ಶಿಕಾಗೋ ಆಸ್ಪತ್ರೆ. ರಿಪೋರ್ಟ್ ಸೋಮವಾರ ಬರುತ್ತೆ."

"ಮತ್ತೆ ಮನೆ?"

"ರಿಪೋರ್ಟ್ ಚೆನ್ನಾಗ್ ಬಂದ್ರೆ ನಿನ್ ಮನೆಗ್ ಬರ್ಲಾ ಅಂತ ಕೇಳೋಣ ಅಂತಿದ್ದೆ. ಕೆಟ್ಟದ್ ಬಂದ್ರೆ ಒಬ್ನಿಗೆ ಅಷ್ಟು ದೊಡ್ ಮನೆ ಯಾಕೆ?"

"ಫೋನಲ್ ಯಾರ್ ಹತ್ರ ಮಾತಾಡ್ತಿದ್ದೆ?"

"ನಮ್ಮಕ್ಕನ ಹತ್ರ. ಕಿಟಕಿ ಹತ್ರ ನಿಂತ್ಕೊಂಡ್ ಕೇಳ್ದೆಯಾ?" ಅಂಥ ಹೊತ್ತಿನಲ್ಲೂ ಅವನ ತುಟಿಯ ಅಂಚು ನಗುವಿಗೆ ಜಾರಿತು.

"ನಗಬೇಡ. ನಂಗ್ಯಾಕೆ ಹೇಳ್ಲಿಲ್ಲ?"

ಅವನು ಗೋಡೆಯ ಹಲಗೆಯತ್ತ ನೋಡಿದ. 'ಹೋಗುವವರು' ಸಾಲಿನಲ್ಲಿ ಅವಳದೇ ಅಕ್ಷರದಲ್ಲಿ ಲಿಂಡ್‌ಹಾಮ್‌ನ ಹೆಸರು ಇನ್ನೂ ಇತ್ತು.

"ಡಿಸೆಂಬರಲ್ಲಿ ಹೇಳೋಣ ಅಂತಾನೇ ಬಂದಿದ್ದೆ. ಅವತ್ತೇ ನೀನ್ ಎದ್ ನಿಂತು ಹೇಳ್ದೆ. ಒಂದ್ಸಲ ಕೊಯ್ದಿದ್ದು, ಕೆಟ್ಟೋಗಿರೋ ಮಾಲು, ಸಹಿ ಹಾಕೋರಿಗೆ ತಲೆ ಕೆಟ್ಟಿರ್ಬೇಕು ಅಂತ. ಎಲ್ರೂ ಮೇಜು ಕುಟ್ಟಿದ್ರು." ಮಫ್ಲರನ್ನು ಮಡಿಚಿ ಮೇಜಿನ ಮೇಲಿಟ್ಟ. "ನೀನ್ ಹೇಳಿದ್ದು ತಪ್ಪೇನಲ್ಲ."

ಬರ್ನಡೆಟ್‌ಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಅವನ ಕುತ್ತಿಗೆಯ ಆ ಗುರುತಿಗೆ ಎಷ್ಟೋ ಸಲ ಮುತ್ತಿಟ್ಟಿದ್ದಳು, ಒಂದು ಸಲವಾದರೂ ಸರಿಯಾಗಿ ವಿಚಾರಿಸಿರಲಿಲ್ಲ. ಬೇಡದ ಕಡೆಯೆಲ್ಲ ಮೂಗು ತೂರಿಸಿದ ತನ್ನ ಅನುಮಾನವನ್ನು ಹಿಡಿದು ನಾಲ್ಕು ಬಾರಿಸಬೇಕೆನಿಸಿತು.

ಅಷ್ಟರಲ್ಲಿ ಕ್ಯಾಸ್ಮಿರ್ ಕುರ್ಚಿ ಉರುಳಿಸಿಕೊಂಡು ಎದ್ದ. "ಸುಮ್ನಿರ್ರೋ! ಟಿವಿ ನೋಡ್ರೋ! ಲಿಂಡ್‌ಹಾಮ್ ಉಳ್ಕೊಂಡ! ಮೂರು ವರ್ಷ! ಮೆಡಿಕಲ್ಲೂ ಆಗಿದೆಯಂತೆ!"

ಹೋಟೆಲೇ ಎದ್ದು ಕುಣಿಯಿತು. ಬ್ರಾಂದಿ ಚೆಲ್ಲಿತು, ಹೆಡಿ ಯಾರನ್ನೋ ತಬ್ಬಿಕೊಂಡಳು. ಆಮೇಲೆ ಎಲ್ಲರಿಗೂ ಒಮ್ಮೆಲೇ ನೆನಪಾಯಿತು. "ಬರ್ನಿ! ಟೋಪಿ! ಟೋಪಿ! ಟೋಪಿ!"

"ಇವತ್ ಬಿಡ್ರೋ ಅವಳ್ನ," ಎಂದ ರೋಲಂಡ್.

"ಯಾಕ್ ಬಿಡ್ಬೇಕು?" ಬರ್ನಡೆಟ್ ಟೋಪಿ ಎತ್ತಿಕೊಂಡು ಕಿವಿ ಮುಚ್ಚುವ ಹಾಗೆ ತಲೆಗೆ ಇಟ್ಟುಕೊಂಡಳು. ಅಂಗಡಿಯ ಚೀಟಿ ಮೂಗಿನ ಮುಂದೆ ತೂಗುತ್ತಿತ್ತು. ಎದ್ದು ಹಲಗೆಯ ಹತ್ತಿರ ಹೋದಳು. ಲಿಂಡ್‌ಹಾಮ್‌ನ ಹೆಸರನ್ನು ಅಂಗೈಯಿಂದ ಒರೆಸಿದಳು. ಸೀಮೆಸುಣ್ಣ ತೆಗೆದುಕೊಂಡು 'ಉಳಿಯುವವರು' ಸಾಲಿನಲ್ಲಿ ದೊಡ್ಡದಾಗಿ ಬರೆದಳು: ರೋಲಂಡ್.

ಕುಣಿಯುತ್ತಿದ್ದವರೆಲ್ಲ ಹಲಗೆಯತ್ತ ತಿರುಗಿದರು.

"ಏ ಮಗಳೇ," ಎಂದಳು ಹೆಡಿ ಮೆಲ್ಲಗೆ. "ಮೆಡಿಕಲ್ ಇನ್ನೂ ಬಂದಿಲ್ವಲ್ಲೇ. ನಿಂದೇ ನಿಯಮ."

"ಗೊತ್ತು."

ರೋಲಂಡ್ ಎದ್ದು ಬಂದಿದ್ದ. ಅವನ ಕಣ್ಣು ಕೆಂಪಾಗಿತ್ತು. "ಸೋಮವಾರದ ತನಕ ತಡಿ, ಬರ್ನಿ. ಪಾಸಾಗ್ದೇ ಇದ್ರೆ?"

"ಪಾಸಾಗ್ದೇ ಇದ್ರೆ ಆಸ್ಪತ್ರೆಗ್ ಹೋಗೋಣ. ಕಾರ್ ನಾನ್ ಓಡಿಸ್ತೀನಿ, ನೀನ್ ತುಂಬ ನಿಧಾನ." ಸೀಮೆಸುಣ್ಣವನ್ನು ಹಲಗೆಯ ಅಂಚಿನಲ್ಲಿಟ್ಟು ಅವನತ್ತ ತಿರುಗಿದಳು. "ನಂಗ್ ನೀನ್ ಬೇಕು ಕಣೋ. ಸೋಮವಾರ ಏನ್ ಬಂದ್ರೂ ಬೇಕು. ಇನ್ಮೇಲೆ ಮಾತ್ರ ನನ್ ಹತ್ರ ಏನೂ ಮುಚ್ಚಿಡ್ಬಾರ್ದು. ನಾಳೆ ಆ ಬೋರ್ಡ್ ಕಿತ್ತುಹಾಕು, ಇಲ್ಲಾ ಮಾರು, ಹೇಗಾದ್ರೂ ಮಾಡು, ಪೆಟ್ಟಿಗೆ ಮಾತ್ರ ನನ್ ಮನೆಗ್ ತಗೊಂಬಾ."

ಅವನು ಅವಳ ಮೂಗಿನ ಮುಂದಿನ ಚೀಟಿಯನ್ನು ಹಿಡಿದು ಕಿತ್ತ. "ಈ ಟೋಪೀಲಿ ಅಸಹ್ಯವಾಗ್ ಕಾಣ್ತೀಯ," ಎಂದ. ಆಮೇಲೆ ಎಲ್ಲರೆದುರೇ ಟೋಪಿಯ ಅಂಚನ್ನು ಮೇಲೆತ್ತಿ ಮುತ್ತಿಟ್ಟ. ಅವಳ ಕೈ ಅವನ ಕತ್ತಿನ ಗುರುತನ್ನು ಮುಚ್ಚಿಕೊಂಡು ಅಲ್ಲೇ ಉಳಿಯಿತು.

ಕ್ಯಾಸ್ಮಿರ್ ಮೂಗು ಒರೆಸಿಕೊಂಡ. ಅವನಿಗೆ ಹಲಗೆಯಲ್ಲಿ ಏನೂ ಖಾಲಿ ಬಿಡುವ ಅಭ್ಯಾಸವಿಲ್ಲ. "ಅದೆಲ್ಲ ಸರಿ. ಎಷ್ಟು ವರ್ಷಕ್ಕೆ ಅಂತ ಬರೀಲಿಲ್ವಲ್ಲೇ ಬರ್ನಿ?"

ಬರ್ನಡೆಟ್ ರೋಲಂಡ್‌ನ ಭುಜದ ಮೇಲಿಂದಲೇ ಹೇಳಿದಳು. "ಇರೋವಷ್ಟು."

ಕ್ಯಾಸ್ಮಿರ್ ಸೀಮೆಸುಣ್ಣ ತೆಗೆದುಕೊಂಡು ಹಾಗೇ ಬರೆದ. ಹೆಡಿ ತಣ್ಣಗಾದ ಮೀನನ್ನು ಮತ್ತೆ ಬಿಸಿಮಾಡಲು ಒಳಗೆ ಒಯ್ದಳು.