ಸೊಸೆಗೆ ಎತ್ತಿಟ್ಟ ಪಾಲು

ಈಗಲೇ ಹೊರಟುಬಿಡಲೇ? ಇಲ್ಲ, ಅವನು ಹೇಳಿದ ಹಾಗೆ ಹಿಮ ಕರಗುವವರೆಗೆ ಕಾಯಲೇ?

ಕನ್ನಡಕದ ಅಂಗಡಿಯಲ್ಲಿ ಕೂತಿದ್ದ ಶೋಲ್ಪನ್ ಒಂದೇ ಗಾಜನ್ನು ಮೂರನೇ ಸಲ ಒರೆಸುತ್ತಿದ್ದಳು. ಈಗ ಹೋದರೆ ಹಿಮದ ಬಿರುಗಾಳಿ, ಮುಚ್ಚಿದ ದಾರಿ. ವಸಂತದಲ್ಲಿ ಹೋದರೆ... ಅಷ್ಟು ಹೊತ್ತಿಗೆ ಅವನು ಯಾರವನಾಗಿರುತ್ತಾನೋ!

ಎರ್ಮೆಕ್ ಅಲ್ಮಾಟಿ ನಗರ ಬಿಟ್ಟು ನಾಲ್ಕು ತಿಂಗಳಾಗಿತ್ತು. ಸೊಂಟ ಮುರಿದುಕೊಂಡ ತಾಯಿಯನ್ನು ನೋಡಿಕೊಳ್ಳಲು, ಸಾವಿರದ ಐನೂರು ಕಿಲೋಮೀಟರ್ ಉತ್ತರಕ್ಕಿರುವ ತನ್ನ ಹಳ್ಳಿಗೆ ಹೋಗಿದ್ದ. ಹೋಗುವ ಮುನ್ನ ಅವಳ ಹಳೆಯ ನಿವಾ ಕಾರನ್ನು ತಾನೇ ರಿಪೇರಿ ಮಾಡಿಕೊಟ್ಟ. ಸ್ಟೇರಿಂಗಿನ ಪಕ್ಕದ ಡಬ್ಬಿಯಲ್ಲಿ ಮೂರು ಮೇಣದಬತ್ತಿ, ಒಂದು ಬೆಂಕಿಪೊಟ್ಟಣ ಇಟ್ಟ.

"ಇದ್ಯಾಕೆ?" ಎಂದು ಕೇಳಿದ್ದಕ್ಕೆ "ಇರಲಿ" ಎಂದನಷ್ಟೆ.

ಅವನು ಹಾಗೆಯೇ. ಎರಡು ವರ್ಷದಲ್ಲಿ 'ನೀನಂದ್ರೆ ಇಷ್ಟ' ಎಂದದ್ದು ಒಂದೇ ಸಲ. ಅದೂ ಎಂಜಿನ್ ಜೋರಾಗಿ ಗುಡುಗುತ್ತಿದ್ದಾಗ!

ಹೋದ ವಾರ ಫೋನಿನಲ್ಲಿ ಅವಳೇ ಹೇಳಿದ್ದಳು. "ಫೆಬ್ರವರಿಯಲ್ಲಿ ಹತ್ತು ದಿನ ರಜೆ ಇದೆ. ಕಾರಲ್ಲಿ ಬರ್ತೀನಿ."

"ಬೇಡ. ವಸಂತದಲ್ಲಿ ಬಾ."

"ಯಾಕೆ?"

ಅವನ ಉತ್ತರಕ್ಕೆ ಮೊದಲೇ ದೂರದಿಂದ ಅವನ ತಾಯಿಯ ದನಿ ಕೇಳಿಸಿತು. "ಆ ಮಾಂಸ ಮುಟ್ಟಬೇಡ ಕಣೋ! ಅದು ಸೊಸೆ ಪಾಲು!"

ಫೋನು ತಟ್ಟನೆ ಕಟ್ಟಾಯಿತು.

ಆ ನಾಡಿನಲ್ಲಿ ಚಳಿಗಾಲದ ಮಾಂಸಕ್ಕೆಂದು ಕುದುರೆ ಕೊಯ್ದಾಗ, ಬರಬೇಕಾದವರ ಪಾಲನ್ನು ಉಪ್ಪು ಹಚ್ಚಿ ಎತ್ತಿಡದ ಮನೆಯಿಲ್ಲ. ಅವರು ಎಷ್ಟು ತಡವಾಗಿ ಬಂದರೂ ಸರಿ, ಅಲ್ಲಿಯವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ. ಗೊತ್ತುಗುರಿ ಇಲ್ಲದವರಿಗೆ ಯಾರು ಪಾಲು ಇಡುತ್ತಾರೆ? ಅಂದರೆ ಆ ಮನೆಗೆ ಸೊಸೆ ನಿಶ್ಚಯವಾಗಿದ್ದಾಳೆ. 'ಅಮ್ಮನಿಗೆ ನಿನ್ನ ವಿಷಯ ಇನ್ನೂ ಹೇಳಿಲ್ಲ' ಎಂದು ಅವನೇ ಹೇಳಿದ್ದನಲ್ಲ!

"ವಸಂತದವರೆಗೆ ಕಾದು, ಅವನ ಮದುವೆ ಊಟ ಉಂಡು ಬರ್ಲಾ ಅತ್ತಿಗೆ?" ಮನೆಗೆ ಬಂದವಳೇ ಚೀಲಕ್ಕೆ ಬಟ್ಟೆ ತುರುಕಿದಳು.

ಅತ್ತಿಗೆ ಬಾತಿಮಾ ಸೊಂಟದ ಮೇಲೆ ಕೈಯಿಟ್ಟಳು. "ಅಯ್ಯೋ ಹುಚ್ಚಿ! ನೀನು ಹಿಮದಲ್ಲಿ ಹೂತುಹೋದ್ರೆ ನಿಮ್ಮಣ್ಣ ನನ್ನ ಚರ್ಮ ಸುಲೀತಾನೆ."

"ಇಲ್ಲಿ ಕೂತ್ರೂ ಉಸಿರು ಕಟ್ತಿದೆ. ಬೇಡ ಅನ್ನೋದಾದ್ರೆ ನನ್ನ ಮುಖ ನೋಡಿ ಅನ್ಲಿ."

"ಮುಖ ನೋಡಿದ ತಕ್ಷಣ ಮಾತು ಬಂದುಬಿಡುತ್ತಾ? ಅದು ಕಲ್ಲುಕಂಬ ಕಣೇ!"

ಹಾಗೆಂದರೂ ಅತ್ತಿಗೆ ಫ್ಲಾಸ್ಕಿಗೆ ಚಹಾ ತುಂಬಿದಳು, ಹಿಟ್ಟು ನಾದಿ ಎಣ್ಣೆಯಲ್ಲಿ ಕರಿದ ಬೌರ್ಸಾಕ್‌ಗಳನ್ನು ಕಟ್ಟಿಕೊಟ್ಟಳು. ಬೆಳಿಗ್ಗೆ ಕಾರು ಬೀದಿ ದಾಟಿದ ಮೇಲೆ ಫೋನು ಕೈಗೆತ್ತಿಕೊಂಡಳು. ಅದು ಶೋಲ್ಪನ್‌ಗೆ ಗೊತ್ತಿರಲಿಲ್ಲ.

ದಾರಿಯಲ್ಲಿ ಎರ್ಮೆಕ್‌ನ ಹೆಸರು ಮೂರು ಸಲ ಫೋನಿನ ಮೇಲೆ ಮಿನುಗಿತು. ಅವಳು ಎತ್ತಲಿಲ್ಲ. ಮತ್ತೆ 'ಬೇಡ' ಅನ್ನುತ್ತಾನೆ, ಅಷ್ಟೇ ತಾನೇ!

ಬಲ್ಖಾಶ್‌ನಲ್ಲಿ ರಾತ್ರಿ ಉಳಿದಳು. ಮರುದಿನ ಬೆಳಿಗ್ಗೆ ಊರು ದಾಟುತ್ತಿದ್ದಂತೆ ದಾರಿ ಮುಚ್ಚಿ ಪೊಲೀಸರು ಅಡ್ಡಕಂಬ ಇಳಿಸಿದ್ದರು. ಆಚೆ ಬಿರುಗಾಳಿ. ಭೂಮಿ ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ.

ಪಕ್ಕದ ಚಹಾ ಅಂಗಡಿಯ ಮುದುಕಿ ಕರೆದಳು. "ಒಳಗೆ ಬಾ ಮಗಳೇ. ಗಾಳಿ ನಿಲ್ಲೋವರೆಗೆ ಯಾರಪ್ಪ ಬಂದ್ರೂ ಕಂಬ ಎತ್ತಲ್ಲ."

ಶೋಲ್ಪನ್ ಕೂತಳು. ಎದ್ದಳು. ಕಿಟಕಿಗೆ ಹೋದಳು.

"ಕೂತ್ಕೊಳ್ಳೇ, ನನ್ನ ನೆಲ ಸವೆದುಹೋಗುತ್ತೆ!" ಮುದುಕಿ ನಕ್ಕಳು. "ಇಂಥ ದಿನ ಹೊರಟಿದೀಯ ಅಂದ್ರೆ, ಅಲ್ಲಿರೋನು ಬಾ ಬಾ ಅಂದಿರ್ಬೇಕು."

"ಬರಬೇಡ ಅಂದಿದಾನೆ ಅಜ್ಜಿ."

ಮುದುಕಿ ಬಟ್ಟಲಿಗೆ ಚಹಾ ಸುರಿದಳು.

ಮಧ್ಯಾಹ್ನವಾಯಿತು. ಕಂಬ ಏಳಲಿಲ್ಲ. 'ಬೇಡ ಅಂದವನ ಬಾಗಿಲಿಗೆ ಯಾಕೆ ಹೋಗ್ತಿದೀನಿ? ಅಲ್ಲಿ ಆ ಹುಡುಗಿ ಚಹಾ ತಂದುಕೊಟ್ಟರೆ ಏನು ಮಾಡಲಿ?' ಅವಳಿಗೆ ತಡೆಯಲಾಗಲಿಲ್ಲ. ಹೊರಗೆ ಬಂದು ಕಾರನ್ನು ದಕ್ಷಿಣಕ್ಕೆ ತಿರುಗಿಸಿದಳು...

ಆಗ ಕನ್ನಡಿಯಲ್ಲಿ ಕಿತ್ತಳೆ ಬಣ್ಣದ ದೀಪವೊಂದು ಮಿಣುಕಿತು.

ದಾರಿಯ ಹಿಮ ಬಾಚುವ ಯಂತ್ರ ಆ ಕಡೆಯಿಂದ ಬರುತ್ತಿತ್ತು. ಅದರ ಹಿಂದೆ ಒಂದೇ ಒಂದು ವಾಹನ, ಮೈಯೆಲ್ಲ ಹಿಮ ಮೆತ್ತಿದ ಜೀಪು. ಕಂಬ ಎದ್ದಿತು. ಜೀಪಿನಿಂದ ಇಳಿದವನ ಹುಬ್ಬಿನ ಮೇಲೂ ಹಿಮ.

ಎರ್ಮೆಕ್!

ಅವನು ಓಡಿಬಂದು ಅವಳ ಕಾರಿನ ಬಾಗಿಲು ತೆಗೆದ. ಮುಖ ಬಿಳಿಚಿಕೊಂಡಿತ್ತು.

"ಮೇಣದಬತ್ತಿ ಇದೆಯಾ?" ಅವನ ಮೊದಲ ಮಾತು!

"ಇದೆ," ಎಂದಳು, ಬೆಪ್ಪಾಗಿ. ಮರುಕ್ಷಣ ಸಿಟ್ಟು ಉಕ್ಕಿತು. "ನಿಮ್ಮನೆ ಸೊಸೆ ಪಾಲು ಏನಾಯ್ತು? ಉಂಡಳಾ ಅವಳು?"

ಅವನು ಜೀಪಿಗೆ ಹೋಗಿ, ಬಿಳಿ ಬಟ್ಟೆಯಲ್ಲಿ ಕಟ್ಟಿದ ಗಂಟೊಂದನ್ನು ತಂದು ಅವಳ ಮಡಿಲಲ್ಲಿಟ್ಟ. ಉಪ್ಪು ಹಚ್ಚಿದ ಎದೆಯ ಮಾಂಸ. ಸೊಸೆಗೆಂದು ಎತ್ತಿಡುವ ತುಂಡು.

"ಅಮ್ಮ ಕಳಿಸಿದ್ದು."

"ಯಾರಿಗೆ?"

"ಸೊಸೆಗೆ."

"ಯಾವ ಸೊಸೆಗೆ?"

"ಎಷ್ಟು ಜನ ಇರ್ತಾರೆ ಶೋಲ್ಪನ್? ನಾನೇನೂ ಹೇಳಿರಲಿಲ್ಲ. ಫೋನಲ್ಲಿ ನಿನ್ನ ಫೋಟೋ ನೋಡಿ, ಡಿಸೆಂಬರಲ್ಲೇ ಎತ್ತಿಟ್ಟಿದಾಳೆ. ದಿನಾ ಬೈತಾಳೆ, ಯಾವಾಗ ಕರ್ಕೊಂಡು ಬರ್ತೀಯ ಅಂತ."

ಅವಳ ಕಣ್ಣುಗಳು ತುಂಬಿಬಂದವು. "ಮತ್ತೆ ವಸಂತದಲ್ಲಿ ಬಾ ಅಂದಿದ್ಯಾಕೆ? ಎಷ್ಟು ಅತ್ತಿದೀನಿ ಗೊತ್ತಾ ನಾನು!"

ಅವನು ಉತ್ತರದ ಕಡೆ ನೋಡಿದ. ತುಟಿ ಅಲುಗಿತು. ಆಮೇಲೆ ಇಷ್ಟೇ ಅಂದ. "ಚಳಿಗಾಲದಲ್ಲಿ ದಾರಿ ಸರಿ ಇರಲ್ಲ."

"ಕಲ್ಲುಕಂಬ!" ಅಳುತ್ತಲೇ ನಕ್ಕಳು ಅವಳು. ಅವನ ಹುಬ್ಬಿನ ಹಿಮವನ್ನು ಹೆಬ್ಬೆರಳಿನಿಂದ ಒರೆಸಿದಳು. "ನಾನು ಹಿಂದಕ್ಕೆ ಹೋಗಲ್ಲ. ನಿಮ್ಮಮ್ಮನ ಮನೆಗೇ ಬರ್ತೀನಿ. ನೀನು ಮುಂದೆ ಹೋಗು, ನಿನ್ನ ಹಿಂದೆ ಬರ್ತೀನಿ."

"ಬೇಡ!" ಅವನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದ. "ಮುಂದೆ ನೀನು ಹೋಗು. ನನ್ನ ಕಣ್ಣೆದುರಿಗೇ ಇರು."

"ಅಷ್ಟು ದೂರಾನೂ?"

"ಅಷ್ಟು ದೂರಾನೂ."

ಗಾಳಿ ನಿಂತಿತ್ತು. ನಿವಾ ಮುಂದೆ, ಜೀಪು ಹಿಂದೆ, ಎರಡೂ ಉತ್ತರಕ್ಕೆ ಹೊರಟವು.

ಎರ್ಮೆಕ್‌ಗೆ ಹನ್ನೊಂದು ವರ್ಷವಾಗಿದ್ದಾಗ, ಇಂಥದೇ ಒಂದು ಫೆಬ್ರವರಿಯಲ್ಲಿ, ಇದೇ ದಾರಿಯಲ್ಲಿ, ಅವನು ಚಿಕ್ಕಪ್ಪನ ಕಾರಿನಲ್ಲಿ ಮುಂದೆ ಹೋಗುತ್ತಿದ್ದ. ತಂದೆಯ ಕಾರು ಹಿಂದೆ ಬರುತ್ತಿತ್ತು. ಒಮ್ಮೆ ಅವನು ಹಿಂತಿರುಗಿ ನೋಡಿದಾಗ ಆ ದೀಪಗಳು ಇರಲಿಲ್ಲ. ಹಿಮದಡಿಯಿಂದ ಕಾರು ಸಿಕ್ಕಿದ್ದು ಮೂರು ದಿನದ ಮೇಲೆ. ಒಳಗೆ ಹಚ್ಚಿಟ್ಟು ಬೆಚ್ಚಗಿರಲು ಅದರಲ್ಲಿ ಒಂದು ಮೇಣದಬತ್ತಿಯೂ ಇರಲಿಲ್ಲ. ಇದನ್ನು ಅವನು ಶೋಲ್ಪನ್‌ಗೆ ಎಂದೂ ಹೇಳಲಿಲ್ಲ.