ಲಾಕಪ್ ರಿಜಿಸ್ಟರಿನ ಆರನೇ ಕಾಲಂ

2014ರ ಮಾರ್ಚ್ 11, ಮಂಗಳವಾರ. ಬೆಳಿಗ್ಗೆ 8.20ಕ್ಕೆ ಪರದೇಶದ ನಗರವೊಂದರ ಅಂಚಿನ ಕರೆನ್ ಬಡಾವಣೆಯ ಪೊಲೀಸ್ ಠಾಣೆಯ ಕೌಂಟರಿನ ಮುಂದೆ ಮುಂಬುವಾ ಎಂಬ ಹೆಂಗಸು ಬಂದು ನಿಂತಳು. ವಯಸ್ಸು ಇಪ್ಪತ್ತಾರು. ಅಳುತ್ತಿರಲಿಲ್ಲ. ಕೈಯಲ್ಲಿ ಒಂದು ಕಾಗದವಿತ್ತು.

ಅದು ಅವಳ ಗಂಡ ಕಿಯೋಕೊ ಕೆಲಸಕ್ಕಿದ್ದ ಸೆಕ್ಯುರಿಟಿ ಏಜೆನ್ಸಿ ಕೊಟ್ಟ ಕಾಗದ. ಸೋಮವಾರ ಬೆಳಗಿನ ಜಾವ ರಾತ್ರಿ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಹೊರಟಿದ್ದ ಕಿಯೋಕೊ, ಕುಡಿದ ಅಮಲಿನಲ್ಲಿ ಚರಂಡಿಗೆ ಬಿದ್ದು ಸತ್ತನೆಂದು ಅದರಲ್ಲಿ ಬರೆದಿತ್ತು.

"ಕುಡೀತಿದ್ನಾ?" ಇನ್ಸ್‌ಪೆಕ್ಟರ್ ಚೆಬೆಟ್ ಕೇಳಿದಳು.

"ಇಲ್ಲ. ಚರ್ಚಿನಲ್ಲಿ ಹಾಡ್ತಿದ್ದ. ಶನಿವಾರ ಊರಲ್ಲಿ ಮಣ್ಣು ಮಾಡ್ತೀವಿ. ಪಾದ್ರಿ ಏನಂತ ಹೇಳ್ಬೇಕು? ಕುಡುಕ ಅಂತಾನಾ?"

"ನಮ್ಮಿಂದ ಏನಾಗ್ಬೇಕು ಹೇಳಮ್ಮ."

"ಹೇಗೆ ಸತ್ತ ಅಂತ ನಿಜ ಬರೆದು ಕೊಡಿ. ಶನಿವಾರದೊಳಗೆ."

ನಮ್ಮ ಕಡೆ ಎಫ್.ಐ.ಆರ್. ಇದ್ದಂತೆ ಅಲ್ಲಿ ಅಕರೆನ್ಸ್ ಬುಕ್, ಓ.ಬಿ.; ಠಾಣೆಗೆ ಬಂದ ಪ್ರತಿಯೊಂದು ಸಂಗತಿಗೂ ಒಂದು ದಪ್ಪ ಪುಸ್ತಕದಲ್ಲಿ ಒಂದು ನಂಬರು. ಕಾನ್‌ಸ್ಟೇಬಲ್ ಒಟಿಯೆನೊ ದೂರು ಬರೆದುಕೊಂಡ. ಓ.ಬಿ. ನಂಬರ್ 14.

ಹತ್ತು ಗಂಟೆಗೆ ಸ್ಥಳದಲ್ಲಿ ಪಂಚನಾಮೆ ನಡೆಯಿತು. ಸೈಕಲ್ಲಿನ ಹಿಂದಿನ ಮಡ್‌ಗಾರ್ಡ್ ಮಡಿಚಿಹೋಗಿತ್ತು, ಅದರ ಮೇಲೆ ಬಿಳಿ ಬಣ್ಣದ ಗೀರು. ಹುಲ್ಲಿನಲ್ಲಿ ಹೆಡ್‌ಲೈಟಿನ ಗಾಜು, ಮೂರು ಚೂರು. ತಿರುವಿನಲ್ಲಿ ಚಹಾ ಮಾರುವ ಮುದುಕಿ 5.50ರ ಹೊತ್ತಿಗೆ ಬಿಳಿ ಪಿಕಪ್ ಒಂದು ಒಂದೇ ಕಣ್ಣು ಉರಿಸಿಕೊಂಡು ಹೋದದ್ದನ್ನು ನೋಡಿದ್ದಳು. ನಂಬರಿನ ಮೂರು ಅಂಕಿ ಅವಳಿಗೆ ನೆನಪಿತ್ತು.

ಮಧ್ಯಾಹ್ನದ ಹೊತ್ತಿಗೆ ಗಾಡಿ ಸಿಕ್ಕಿತು. ಭಾರತದವರ ಔಷಧ ಕಾರ್ಖಾನೆಯೊಂದರದು. ಅದನ್ನು ಓಡಿಸುತ್ತಿದ್ದವನು ಅಲ್ಲಿಯ ಪ್ರೊಡಕ್ಷನ್ ಮ್ಯಾನೇಜರ್ ಪ್ರಶಾಂತ್. ಬೆಂಗಳೂರಿನವನು, ಈಗ ಅಲ್ಲಿಯ ಲ್ಯಾವಿಂಗ್ಟನ್ ಬಡಾವಣೆಯಲ್ಲಿ ಮನೆ. ಎಡಗಡೆಯ ಹೆಡ್‌ಲೈಟು ಹೊಸದಾಗಿತ್ತು.

"ಸೋಮವಾರ ಬೆಳಿಗ್ಗೆ ಆರಕ್ಕೆ ಎಲ್ಲಿದ್ರಿ?"

"ನಿಮ್ಮ ಪೊಲೀಸರ ಹತ್ತಿರವೇ ಇದ್ದೆ ಮೇಡಮ್." ಪ್ರಶಾಂತ್ ನಗಲಿಲ್ಲ. "ಏರ್‌ಪೋರ್ಟ್ ಹತ್ತಿರ, ಎಂಬಕಸಿ ಕಡೆ ಒಂದು ಠಾಣೆಯ ಲಾಕಪ್ಪಲ್ಲಿ. ಭಾನುವಾರ ಸಂಜೆ ರಸ್ತೆಯಲ್ಲಿ ಸಿಗರೇಟ್ ಸೇದಿದೆ ಅಂತ ಹಿಡ್ಕೊಂಡು ಹೋದ್ರು. ಸೋಮವಾರ ಎಂಟೂವರೆಗೆ ಎಚ್ಚರಿಕೆ ಕೊಟ್ಟು ಬಿಟ್ರು. ರಿಜಿಸ್ಟರ್ ನೋಡ್ಕೊಳ್ಳಿ."

"ಗಾಡಿ?"

"ಮನೆಯಲ್ಲಿತ್ತು. ಕೀ ಗೇಟಿನವನ ಹತ್ತಿರ ಇರುತ್ತೆ. ನಾನಿಲ್ಲದಾಗ ಅವನೇನು ಮಾಡಿದನೋ."

ಮನೆಯ ಗೇಟಿನ ಕಾವಲುಗಾರನನ್ನು ಕೇಳಿದರು. ಐದೂಕಾಲಿಗೆ ಸಾಹೇಬರೇ ಗಾಡಿ ತೆಗೆದರು, ಗೇಟು ತೆರೆದವನು ನಾನೇ ಎಂದು ಆಣೆ ಹಾಕಿ ಹೇಳಿದ. ಒಟಿಯೆನೊ ಎಂಬಕಸಿಗೆ ಫೋನ್ ಮಾಡಿದ. ಆ ಕಡೆಯವರು ಪುಸ್ತಕ ತೆಗೆದು ಹೆಸರು ಓದಿದರು. ಪ್ರಶಾಂತ್, ಭಾರತೀಯ. ಒಳಗೆ ಭಾನುವಾರ 18.45, ಹೊರಗೆ ಸೋಮವಾರ 08.30.

"ಮುಗೀತು ಅಫಾಂದೆ," ಅಂದ ಒಟಿಯೆನೊ. ಮೇಲಿನ ಅಧಿಕಾರಿ ಗಂಡಾಗಲಿ ಹೆಣ್ಣಾಗಲಿ ಅಲ್ಲಿಯ ಪೊಲೀಸರಿಗೆ ಅಫಾಂದೆಯೇ. "ಸರ್ಕಾರದ ಪುಸ್ತಕ ಒಂದು ಕಡೆ, ಗೇಟಿನವನ ಬಾಯಿ ಇನ್ನೊಂದು ಕಡೆ. ನ್ಯಾಯಾಧೀಶರು ಯಾವುದನ್ನ ನಂಬ್ತಾರೆ? ಗೇಟಿನವನನ್ನ ಒಳಗೆ ಹಾಕೋಣ್ವಾ?"

"ಪುಸ್ತಕ ನಾನು ನೋಡಿಲ್ಲ."

"ಫೋನಲ್ಲಿ ಓದಿದ್ರಲ್ಲ."

"ಹೆಸರು ಓದಿದ್ರು. ಪುಟ ಓದಲಿಲ್ಲ. ನಾಳೆ ಹೋಗೋಣ."

"ಆ ಟ್ರಾಫಿಕ್ಕಿನಲ್ಲಾ? ನನಗೆ ಪೆನ್ಶನ್ ಬರೋ ಹೊತ್ತಿಗೆ ತಲುಪ್ತೀವಿ."

ಬುಧವಾರ 11.40ಕ್ಕೆ ತಲುಪಿದರು. ಆಗ ಠಾಣೆಗಳ ದಾಖಲೆಯೆಲ್ಲ ಕೈಬರಹದ್ದೇ. ಕಂಪ್ಯೂಟರಿನಲ್ಲಿ ಹೆಸರು ಹೊಡೆದರೆ ಬರುವಂಥದ್ದಲ್ಲ. ಡ್ಯೂಟಿಯವನು ಮೇಜಿನ ಕೆಳಗಿನಿಂದ ಲಾಕಪ್ ರಿಜಿಸ್ಟರ್ ಎಳೆದು ಧೂಳು ಊದಿದ. ಚೆಬೆಟ್ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಕಾಲಂ ಓದಿದಳು. ಹೆಸರು. ದೇಶ. ಅಪರಾಧ. ಒಳಗೆ ಬಂದ ವೇಳೆ. ಹಿಡಿದವರು. ಆರನೆಯದು, ಕೈದಿಯಿಂದ ತೆಗೆದಿಟ್ಟ ವಸ್ತುಗಳು: ಬೆಲ್ಟ್ 1, ಶೂ 1 ಜೊತೆ, ಫೋನ್ 1, ದಾರ 1.

"ದಾರ ಅಂದ್ರೆ? ಶೂ ಲೇಸಾ?"

"ಅಲ್ಲ ಅಫಾಂದೆ, ಮೈ ಮೇಲಿನ ದಾರ." ಡ್ಯೂಟಿಯವನು ಎಡಭುಜದಿಂದ ಬಲಸೊಂಟಕ್ಕೆ ಬೆರಳೆಳೆದು ತೋರಿಸಿದ. "ಬಿಳೀದು. ಲಾಕಪ್ಪಿನೊಳಗೆ ದಾರ ಬಿಡೋ ಹಾಗಿಲ್ಲ, ನೇಣು ಹಾಕ್ಕೊಂಡ್ರೆ ನಮ್ಮ ಕೆಲಸ ಹೋಗುತ್ತೆ. ಫೋನ್ ಕೇಳಿದ್ರೆ ಕೊಟ್ಟ, ಶೂ ಕೇಳಿದ್ರೆ ಕೊಟ್ಟ. ಆ ದಾರಕ್ಕೆ ಮಾತ್ರ ಹೆಂಗಸಿನ ಹಾಗೆ ಅತ್ತ. ಬೆಳಿಗ್ಗೆ ವಾಪಸ್ಸು ಕೊಟ್ರೆ ಹಾಕ್ಕೊಳ್ಳಲೇ ಇಲ್ಲ, ಜೇಬಿನಲ್ಲಿ ಇಟ್ಕೊಂಡು ಹೋದ."

"ಗುರುತಿನ ಚೀಟಿ ನೋಡಿದ್ರಾ?"

"ಸಿಗರೇಟ್ ಕೇಸಿಗಾ? ಹೇಳಿದ ಹೆಸರು ಬರ್ಕೊಂಡ್ವಿ."

ಪಂಚರ ಮುಂದೆ ಪುಟದ ನಕಲು ತೆಗೆದುಕೊಂಡು ಚೆಬೆಟ್ ಸೀದಾ ಕಾರ್ಖಾನೆಗೆ ಹೋದಳು. ಪ್ರಶಾಂತನ ಬಳಿಗಲ್ಲ. ಸಿಬ್ಬಂದಿ ವಿಭಾಗದ ಲೀಲಾ ಎಂಬವಳ ಬಳಿಗೆ. ಮೈಸೂರಿನವಳು, ಐವತ್ತರ ಹತ್ತಿರದ ಹೆಂಗಸು. ಬಂದು ಆರು ವರ್ಷವಾಗಿತ್ತು.

"ಮೈಗೆ ಅಡ್ಡವಾಗಿ ಬಿಳಿ ದಾರ. ಏನದು?"

"ಜನಿವಾರ. ನಮ್ಮಲ್ಲಿ ಕೆಲವು ಮನೆತನದ ಗಂಡಸರು ಹಾಕ್ತಾರೆ. ಒಮ್ಮೆ ಹಾಕಿದ ಮೇಲೆ ಸ್ನಾನಕ್ಕೂ ತೆಗೆಯೋ ಹಾಗಿಲ್ಲ."

"ಪ್ರಶಾಂತ್ ಹಾಕ್ತಾನಾ?"

"ಪ್ರಶಾಂತ್ ಅವರಾ? ಇಲ್ಲಪ್ಪ, ಅವರ ಮನೆಯಲ್ಲಿ ಆ ಪದ್ಧತಿ ಇಲ್ಲ."

"ಇಲ್ಲಿ ಬೇರೆ ಯಾರು ಹಾಕ್ತಾರೆ? ನಿಮಗೆ ಹೇಗೆ ಗೊತ್ತಾಗುತ್ತೆ, ಶರ್ಟಿನೊಳಗಿರೋದು."

ಲೀಲಾ ಕಂಪ್ಯೂಟರಿನತ್ತ ತಿರುಗಿದಳು. "ವರ್ಷಕ್ಕೊಂದು ದಿನ ಅದನ್ನ ಬದಲಾಯಿಸ್ತಾರೆ. ಹೋದ ಆಗಸ್ಟಿನಲ್ಲಿ ಅದಕ್ಕೆ ಅಂತ ಅರ್ಧ ದಿನ ರಜಾ ಕೇಳಿದವನು ಒಬ್ಬನೇ. ಲ್ಯಾಬಿನ ಅನಂತ್."

ಅನಂತನನ್ನು ಕರೆಸಿದರು. ಇಪ್ಪತ್ತೆಂಟರ ಹುಡುಗ. ರಿಜಿಸ್ಟರಿನ ನಕಲನ್ನು ಮುಂದಿಟ್ಟ ಕೂಡಲೇ ಅದನ್ನು ಮಗುಚಿ ಇಟ್ಟ. ಚೆಬೆಟ್‌ಗೆ ತಿಳಿಯದ ಭಾಷೆಯಲ್ಲಿ ಲೀಲಾ ಶುರು ಮಾಡಿದಳು.

"ಅಯ್ಯೋ ಪುಣ್ಯಾತ್ಮ, ಸಿಗರೇಟಾ? ನೀನಾ?"

"ಒಂದೇ ಒಂದು ಮೇಡಮ್. ಏರ್‌ಪೋರ್ಟಿಗೆ ಫ್ರೆಂಡ್‌ನ ಬಿಟ್ಟು ಬರ್ತಿದ್ದೆ. ಪ್ಲೀಸ್, ಇವರಿಗೆ ಟ್ರಾನ್ಸ್‌ಲೇಟ್ ಮಾಡ್ಬೇಡಿ."

"ಅವರಿಗೆ ಆಗಲೇ ಗೊತ್ತು ಕಣೋ. ಗೊತ್ತಿಲ್ಲದೆ ಇದ್ದದ್ದು ನನಗೆ."

ಚೆಬೆಟ್ ಮೇಜು ತಟ್ಟಿದಳು. "ಇಂಗ್ಲಿಷ್. ಪ್ರಶಾಂತ್ ಹೆಸರು ಯಾಕೆ ಕೊಟ್ಟೆ?"

"ವರ್ಕ್ ಪರ್ಮಿಟ್ ರಿನ್ಯೂವಲ್ ಇತ್ತು. ಮದುವೆ ಮಾತುಕತೆ ನಡೀತಿದೆ. ಬಾಯಿಗೆ ಬಂದದ್ದು ಅವರ ಹೆಸರು. ದಿನಕ್ಕೆ ಇಪ್ಪತ್ತು ಸಲ ಕರೀತೀನಲ್ಲ."

"ಅವನಿಗೆ ಹೇಳಿದ್ಯಾ?"

"ಸೋಮವಾರ ಹತ್ತು ಗಂಟೆಗೆ ಹೇಳಿ ಕ್ಷಮೆ ಕೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ಬೈಲಿಲ್ಲ."

"ಏನಂದ?"

"ಯಾವ ಠಾಣೆ, ಎಷ್ಟಕ್ಕೆ ಬಿಟ್ರು ಅಂತ ಕೇಳಿದ್ರು." ಅನಂತ್ ತಲೆ ತಗ್ಗಿಸಿದ. "ಎರಡು ಸಲ ಕೇಳಿದ್ರು."

ಹೇಳಿಕೆಗೆ ಸಹಿಯಾಯಿತು. ಹೆಡ್‌ಲೈಟ್ ಹಾಕಿದ ಗ್ಯಾರೇಜನ್ನು ಒಟಿಯೆನೊ ಸಂಜೆಯೊಳಗೆ ಹುಡುಕಿದ. ಹಳೆಯದು ಇನ್ನೂ ಅವರ ಗುಜರಿಯಲ್ಲಿತ್ತು. ಹುಲ್ಲಿನಲ್ಲಿ ಸಿಕ್ಕ ಮೂರು ಚೂರೂ ಅದಕ್ಕೆ ಕೂಡಿಕೊಂಡವು.

ಮಾರ್ಚ್ 13, ಗುರುವಾರ ಸಂಜೆ 4.10. ಲ್ಯಾವಿಂಗ್ಟನ್‌ನ ಮನೆಯ ಬಾಗಿಲನ್ನು ಪ್ರಶಾಂತನೇ ತೆರೆದ. ಚೆಬೆಟ್‌ನ ಹಿಂದೆ ಒಟಿಯೆನೊ, ಅವನ ಹಿಂದೆ ಲೀಲಾ. ಲೀಲಾಳನ್ನು ಕಂಡೊಡನೆ ಅವನಿಗೆ ಎಲ್ಲ ಅರ್ಥವಾಯಿತು. ಹೆಂಡತಿ ಭಾವನಾ ತನ್ನ ತಾಯಿಯ ಆಪರೇಷನ್ನಿಗೆಂದು ಬೆಂಗಳೂರಿಗೆ ಹೋಗಿ ಎರಡು ವಾರವಾಗಿತ್ತು. ಮನೆಯಲ್ಲಿ ಒಂಬತ್ತು ವರ್ಷದ ಮಗಳು ಚೈತನ್ಯಾ ಮತ್ತು ಅವನು, ಇಬ್ಬರೇ.

"ಪುಟ್ಟಿ, ಲೀಲಾ ಆಂಟಿ ಜೊತೆ ಒಳಗೆ ಹೋಗಿ ಆಡ್ಕೋ."

"ವೈ? ಹೂ ಆರ್ ದೇ, ಡ್ಯಾಡಿ?"

"ಆಫೀಸಿನವರು ಕಣೆ. ಹೋಗು."

ಮಗು ಹೋದ ಮೇಲೆ ಅವನು ಸೋಫಾದ ಅಂಚಿನಲ್ಲಿ ಕುಳಿತ. ಚೆಬೆಟ್ ರಿಜಿಸ್ಟರಿನ ನಕಲನ್ನು ಹೊರತೆಗೆಯಲಿಲ್ಲ. ಅದರ ಅಗತ್ಯ ಬೀಳಲಿಲ್ಲ.

"ಆ ಹೊತ್ತಿನಲ್ಲಿ ಕರೆನ್‌ಗೆ ಯಾಕೆ ಹೋದೆ?"

"ಅವಳ ಸ್ಕೂಲ್ ಪ್ರಾಜೆಕ್ಟು. ರಟ್ಟಿನಲ್ಲಿ ಮಾಡಿದ ಜ್ವಾಲಾಮುಖಿ. ಭಾನುವಾರ ಗೆಳತಿಯ ಮನೆಯಲ್ಲಿ ಬಿಟ್ಟು ಬಂದಿದ್ಲು. ಆರೂಮುಕ್ಕಾಲಿಗೆ ಸ್ಕೂಲ್ ವ್ಯಾನು. ಮಲಗಿದ್ಲು, ಬೀಗ ಹಾಕ್ಕೊಂಡು ಹೋದೆ."

"ಡಿಕ್ಕಿ ಆದ ಮೇಲೆ ಇಳಿದ್ಯಾ?"

"ಇಲ್ಲ. ನಾವು ಇಲ್ಲಿಗೆ ಬಂದ ಮೊದಲನೇ ವಾರವೇ ಕಂಪನಿಯವರು ಹೇಳಿಕೊಡ್ತಾರೆ. ಆಕ್ಸಿಡೆಂಟ್ ಆದ್ರೆ ಇಳೀಬೇಡಿ, ಜನ ಸೇರಿ ಹೊಡೀತಾರೆ, ಸೀದಾ ಪೊಲೀಸ್ ಸ್ಟೇಷನ್ನಿಗೆ ಹೋಗಿ ಅಂತ." ಅವನು ಚೆಬೆಟ್‌ನತ್ತ ನೋಡಿದ. "ಹೋದೆ ಮೇಡಮ್. ನಿಮ್ಮ ಗೇಟಿನ ತನಕ ಬಂದೆ. ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಕೂತೆ. ಅಷ್ಟರಲ್ಲಿ ಅವಳು ಫೋನ್ ಮಾಡಿದ್ಲು. ಡ್ಯಾಡಿ, ವೇರ್ ಆರ್ ಯೂ ಅಂತ. ಒಳಗೆ ಬಂದಿದ್ರೆ ನೀವು ಹೊರಗೆ ಬಿಡ್ತಿದ್ರಾ? ಮನೆಗೆ ಹೊರಗಿಂದ ಬೀಗ."

ಚೆಬೆಟ್ ಅದನ್ನೂ ಬರೆದುಕೊಂಡಳು.

"ಅವಳನ್ನ ವ್ಯಾನ್ ಹತ್ತಿಸಿ ವಾಪಸ್ಸು ಬರೋಣ ಅಂತಲೇ ಇದ್ದೆ. ಆಮೇಲೆ ಹೆಡ್‌ಲೈಟ್ ಹಾಕಿಸಿ ಬರೋಣ ಅಂದ್ಕೊಂಡೆ. ಆಮೇಲೆ ಆಫೀಸಿಗೆ ಹೋದೆ. ಹತ್ತು ಗಂಟೆಗೆ ಅನಂತ್ ಬಂದು ಕ್ಷಮೆ ಕೇಳಿದ." ಪ್ರಶಾಂತ್ ಮಗಳು ಹೋದ ಬಾಗಿಲಿನ ಕಡೆ ನೋಡಿದ. "ಅವನು ಬರದೇ ಇದ್ದಿದ್ರೆ ನಾನೇ ಬರ್ತಿದ್ದೆ ಅಂತ ಅನ್ಸುತ್ತೆ. ಗೊತ್ತಿಲ್ಲ."

4.55ಕ್ಕೆ ದಸ್ತಗಿರಿ. ಮಗುವನ್ನು ಭಾವನಾ ಬರುವವರೆಗೆ ಲೀಲಾ ತನ್ನ ಮನೆಯಲ್ಲಿ ಇಟ್ಟುಕೊಂಡಳು. ಸುಳ್ಳು ಹೆಸರು ಕೊಟ್ಟದ್ದಕ್ಕೆ ಅನಂತನ ಮೇಲೆ ಬೇರೆ ಕೇಸಾಯಿತು. ಠಾಣೆಯಲ್ಲಿ ಪ್ರಶಾಂತನ ವಿವರಗಳನ್ನು ಚೆಬೆಟ್ ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ತಾನೇ ಬರೆದಳು.

ಶುಕ್ರವಾರ ಮಧ್ಯಾಹ್ನ ಶವಪರೀಕ್ಷೆಯ ವರದಿ ಬಂತು. ಮೂರು ಗಂಟೆಗೆ ಮುಂಬುವಾ ಬಂದಳು. ಚೆಬೆಟ್ ಅವಳಿಗೆ ಠಾಣೆಯ ಮೊಹರು ಹಾಕಿದ ಪತ್ರ ಕೊಟ್ಟಳು. ಹಿಂದಿನಿಂದ ವಾಹನ ಬಡಿದು ಸಾವು. ರಕ್ತದಲ್ಲಿ ಮದ್ಯದ ಅಂಶವಿಲ್ಲ. ಒಬ್ಬ ಆರೋಪಿ ಬಂಧನದಲ್ಲಿದ್ದಾನೆ.

ಮುಂಬುವಾ ಅದನ್ನು ಎರಡು ಸಲ ಓದಿದಳು.

"ಅವನು ಗಾಡಿ ನಿಲ್ಲಿಸಲೇ ಇಲ್ವಾ?"

"ನಿಲ್ಲಿಸಿದ."

"ಎಲ್ಲಿ?"

ಚೆಬೆಟ್ ಕಿಟಕಿಯಿಂದ ಗೇಟಿನ ಕಡೆ ತೋರಿಸಿದಳು. "ಅಲ್ಲಿ. ಹತ್ತು ನಿಮಿಷ ಇದ್ದು ಹೋದ."

"ಆಗ ಕಿಯೋಕೊ ಬದುಕಿದ್ನಾ?"

ಡಾಕ್ಟರ ವರದಿ ಫೈಲಿನಲ್ಲಿತ್ತು. ಡಿಕ್ಕಿಯಾದ ಮೇಲೆ ಸುಮಾರು ನಲವತ್ತು ನಿಮಿಷ ಜೀವವಿತ್ತೆಂದು ಬರೆದಿತ್ತು. ಚೆಬೆಟ್ ಹದಿನೇಳು ವರ್ಷದಿಂದ ಇಂಥ ಪ್ರಶ್ನೆಗಳಿಗೆ ಉತ್ತರ ಹೇಳುತ್ತಾ ಬಂದವಳು. ಸುಳ್ಳು ಹೇಳುವುದು ಕಷ್ಟವೇನಿರಲಿಲ್ಲ.

"ಬದುಕಿದ್ದ," ಅಂದಳು.

ಮುಂಬುವಾ ಪತ್ರವನ್ನು ಮತ್ತೊಮ್ಮೆ, ಈ ಸಲ ಬೆರಳಿಟ್ಟು, ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಅದನ್ನ ಇದರಲ್ಲಿ ಬರೆದಿಲ್ಲ ತಾನೆ? ಕಿಯೋಕೊನ ಅಮ್ಮ ಓದ್ತಾರೆ."

"ಬರೆದಿಲ್ಲ."

ಅವಳು ಪತ್ರವನ್ನು ನಾಲ್ಕಾಗಿ ಮಡಿಚಿ ರವಿಕೆಯೊಳಗೆ ಇಟ್ಟುಕೊಂಡಳು. ಊರಿನ ಬಸ್ಸು ನಾಲ್ಕಕ್ಕಿತ್ತು.