ಸಾಹುಕಾರ ತಿಂದ ಹೆಗಲಪಟ್ಟಿ

"ಫ್ವೀಈಈ...!"

ಹಿಂದಿನಿಂದ ಬಂದ ಸಿಳ್ಳೆಗೆ ಅವಳ ಕಾಲು ಗಕ್ಕನೆ ನಿಂತಿತು. ಮೂಗು ಚಳಿಗೆ ಆಗಲೇ ಕೆಂಪಾಗಿತ್ತು. ಈಗ ಕಿವಿಯೂ ಕೆಂಪಾಯಿತು.

ಮರಗಳೇ ಹತ್ತಲಾಗದೆ ಕೆಳಗೆ ಉಳಿದುಬಿಟ್ಟ ಎತ್ತರ ಅದು. ಅಲ್ಲಿಗೂ ಹತ್ತಿ ಬಂದು ಸಿಳ್ಳೆ ಹೊಡೆಯುವ ಗಂಡಸೇ?!

ತಿರುಗಿದಳು. ಕಲ್ಲಿನ ತಂಗುಮನೆಯ ಬಾಗಿಲಲ್ಲಿ ಬಕೆಟ್ ಹಿಡಿದು ಒಬ್ಬ ನಿಂತಿದ್ದ. ಕೆದರಿದ ಕೂದಲು, ತೋಳು ಮಡಚಿದ ಸ್ವೆಟರ್, ಮುಖದಲ್ಲಿ ಏನೂ ಅರಿಯದ ಮಗುವಿನ ಕಳೆ.

"ಯಾರಿಗ್ರೀ ಸಿಳ್ಳೆ ಹೊಡೆದಿದ್ದು?"

"ನಾನಲ್ಲ ಮೇಡಂ. ಸಾಹುಕಾರ."

"ಯಾವ ಸಾಹುಕಾರ?"

ಅವನು ಗಲ್ಲ ಎತ್ತಿ ಬಂಡೆಯ ಕಡೆ ತೋರಿಸಿದ. ಬೆಕ್ಕಿಗಿಂತ ದಪ್ಪನೆಯ ಕಂದು ಪ್ರಾಣಿಯೊಂದು ಹಿಂಗಾಲ ಮೇಲೆ ಕೂತಿತ್ತು. ಊಟ ಮುಗಿಸಿ ಜಗಲಿಗೆ ಬಂದ ಯಜಮಾನನಂತೆ ಹೊಟ್ಟೆಯ ಮೇಲೆ ಎರಡೂ ಕೈ. ಹೆದರಿಕೆಯ ಸುಳಿವೇ ಇಲ್ಲ!

"ಮಾರ್ಮಟ್ ಅಂತಾರೆ. ಅಳಿಲಿಗೆ ದಾಯಾದಿ. ಹೊಸಬರು ಬಂದ್ರೆ ಹೀಗೇ ಕೂಗ್ತಾನೆ."

"ಮತ್ತೆ ಈಗ್ಯಾಕೆ ಸುಮ್ನಿದಾನೆ?"

"ನಿಮ್ಮ ಗಂಟಲು ಕೇಳಿ ಅವನಿಗೇ ಹೆದರಿಕೆ ಆಗಿರ್ಬೇಕು!"

ನಗು ಬಂತು. ತುಟಿ ಕಚ್ಚಿ ನುಂಗಿದಳು. 'ಮೊದಲ ಮಾತಿಗೇ ನಗಬಾರದು ಕಣೇ... ಸದರ ಆಗಿಬಿಡುತ್ತೆ!'

ಅವಳು ನಗಲು ಬಂದವಳಲ್ಲ. ಬೆನ್ನ ಮೇಲಿದ್ದ ಬ್ಯಾಗನ್ನು ಅವಳೇ ಕತ್ತರಿಸಿ, ಅವಳೇ ಹೊಲಿದಿದ್ದಳು. ದಾಳಿಂಬೆ ಬಣ್ಣದ ಹತ್ತಿಯ ಹೆಗಲಪಟ್ಟಿಗೆ ಬಣ್ಣ ಹಾಕಿದವಳೂ ಅವಳೇ. ಪೇಟೆಯಲ್ಲಿ ಅಣ್ಣನಿಗೆ ಬ್ಯಾಗು ಹೊಲಿಯುವ ಕಾರ್ಖಾನೆ. ಅಲ್ಲಿ ಅವಳು ಹಗಲೆಲ್ಲ ಶಾಲೆಮಕ್ಕಳ ಚೀಲ ಹೊಲಿದು, ಉಳಿದ ಹೊತ್ತಿನಲ್ಲಿ ಬೆಟ್ಟ ಹತ್ತುವವರಿಗಾಗಿ ಈ ಬ್ಯಾಗು ಮಾಡಿದ್ದಳು. ಅಣ್ಣ ಅದನ್ನು ಮೂಗು ಮುರಿದೇ ನೋಡಿದ್ದ.

"ಚೆಂದ ಇದೆ, ಸೂಜಿ. ಚೆಂದ ಇದ್ರೆ ಸಾಕಾ? ಎರಡು ಶಿಖರದ ಮಧ್ಯೆ ಕಂಡಿ ಇದೆಯಲ್ಲ, ಅದನ್ನ ದಾಟಿ ವಾಪಸ್ ಬರಲಿ. ಬಂದ್ರೆ ನಾಳೆಯಿಂದ ಇದನ್ನೇ ಹೊಲಿಯೋಣ. ಬರದಿದ್ರೆ ಈ ಹುಚ್ಚು ಬಿಟ್ಟು ಚೀಲ ಹೊಲಿ."

ಅವಳನ್ನು ಅಣ್ಣ ಸೂಜಿ ಎಂದೇ ಕರೆಯುತ್ತಿದ್ದ. ಕೆಲಸ ಸೂಜಿಯದು, ಮಾತೂ ಸೂಜಿಯದೇ.

ತಂಗುಮನೆಯೊಳಗೆ ಗೋಡೆಯುದ್ದಕ್ಕೂ ಕಬ್ಬಿಣದ ಕೊಕ್ಕೆಗಳು. ಬಕೆಟ್ ಹಿಡಿದಿದ್ದವನೇ ಅಲ್ಲಿಯ ಉಸ್ತುವಾರಿ. ಅವನದು ಒಂದೇ ಹಟ: "ಯಾರ ಬ್ಯಾಗೂ ಹೊರಗೆ ಬೇಡ. ಕೊಕ್ಕೆಗೆ ನೇತುಹಾಕಿ."

"ನಂದು ಹೊರಗೇ ಇರುತ್ತೆ. ಚಳಿ, ಇಬ್ಬನಿ ಎಲ್ಲಾ ತಿನ್ನಲಿ. ಕಂಡಿ ದಾಟೋ ಪರೀಕ್ಷೆಗೆ ಬಂದಿರೋ ಬ್ಯಾಗು ಅದು."

"ಹಾಗಾದ್ರೆ ಆ ಪಟ್ಟಿ ಕಂಡಿ ತನಕ ಬರಲ್ಲ, ಬರೆದಿಟ್ಕೊಳ್ಳಿ."

'ಅಬ್ಬಾ! ಅಣ್ಣನ ತುಂಡು!' ಅಂದುಕೊಂಡು ಅವಳು ಬ್ಯಾಗನ್ನು ಜಗಲಿಯ ಮೇಲೆಯೇ ಇಟ್ಟಳು.

ಸಂಜೆ ಒಲೆಯ ಸುತ್ತ ಮೂವರು. ಮೂರನೆಯವರು ಊರೂರು ಬೆಟ್ಟ ಹತ್ತುವ ನಿವೃತ್ತ ನರ್ಸು. ಎಲ್ಲರ ಬಾಯಲ್ಲೂ ದೊಡ್ಡಮ್ಮ. ಉಸ್ತುವಾರಿಯವನು ಸೂಪು ಬಡಿಸುತ್ತಾ ಬಂದುಹೋದವರ ಅಣಕು ಶುರುಮಾಡಿದ. ಗೊರಕೆಯಲ್ಲೇ ಜಗಳವಾಡುವ ಗಂಡಹೆಂಡಿರು, ಏದುಸಿರಲ್ಲೇ ಫೋನಿನಲ್ಲಿ ಜಂಬ ಕೊಚ್ಚುವವನು... ದೊಡ್ಡಮ್ಮ ನಕ್ಕು ನಕ್ಕು ಸೂಪು ಚೆಲ್ಲಿಕೊಂಡರು. ಅವಳೂ ನಕ್ಕಳು. ಅವನ ಕಣ್ಣು ತನ್ನ ಕಡೆ ಬಂದಾಗಲೆಲ್ಲ ನಗು ಇನ್ನಷ್ಟು ಉದ್ದವಾಗುತ್ತಿತ್ತು. ಯಾಕೋ!

"ನಮ್ಮ ಸಾಹುಕಾರನ್ನ ಮಾಡೋ!" ಅಂದರು ದೊಡ್ಡಮ್ಮ.

ಅವನು ತುಟಿ ಚೂಪು ಮಾಡಿದ. "ಫ್ವೀಈಈ...!"

ಅವಳ ನಗು ನಿಂತಿತು.

ಅದೇ ಸಿಳ್ಳೆ. ಕೂದಲೆಳೆಯ ವ್ಯತ್ಯಾಸವೂ ಇಲ್ಲ!

'ಹಾಗಾದ್ರೆ... ಆಗ ಹೊಡೆದವನೂ ಇವನೇ! ತಪ್ಪನ್ನ ಆ ಬಾಯಿಲ್ಲದ ಜೀವದ ಮೇಲೆ ಹಾಕಿದ!'

ಎದೆಯಲ್ಲಿ ಏನೋ ಮುರಿದಂತಾಯಿತು. ಅಷ್ಟು ಹೊತ್ತು ಅಲ್ಲಿ ಏನೋ ಚಿಗುರುತ್ತಿತ್ತು ಎಂಬುದು ಅವಳಿಗೆ ಗೊತ್ತಾದದ್ದೇ ಆಗ.

ಬೆಳಗ್ಗೆ ಜಗಲಿಗೆ ಬಂದವಳು ಹಾಗೇ ಕಲ್ಲಾದಳು.

ಎಡಗಡೆಯ ಹೆಗಲಪಟ್ಟಿ ತುಂಡಾಗಿ ನೇತಾಡುತ್ತಿತ್ತು.

"ರೀ!! ಬನ್ರೀ ಇಲ್ಲಿ! ಏನಿದು?"

ಅವನು ಓಡಿ ಬಂದ. ಪಟ್ಟಿ ನೋಡಿ ತಲೆ ಕೆರೆದುಕೊಂಡ. "ಅಯ್ಯೋ... ಸಾಹುಕಾರ."

"ಸಾಕು ಮಾಡ್ರೀ! ಸಿಳ್ಳೆ ಹೊಡೆದಿದ್ದೂ ಸಾಹುಕಾರ, ಪಟ್ಟಿ ಹರಿದಿದ್ದೂ ಸಾಹುಕಾರ! ಮಾಡೋದು ನೀವು, ಹೊರೋದು ಆ ಪ್ರಾಣಿ! ಈ ಪಟ್ಟಿ ಕಂಡಿ ತನಕ ಬರಲ್ಲ ಅಂದೋರು ಯಾರು? ನಿಮ್ಮ ಮಾತು ನಿಜ ಆಗ್ಲಿ ಅಂತ ಕತ್ತರಿ ಹಾಕಿದ್ರಾ?"

"ಹುಡುಗಿ ಇನ್ನೊಂದಿನ ಇರಲಿ ಅಂತ ಹಾಕಿದ್ನೋ ಏನೋ..." ದೊಡ್ಡಮ್ಮ ತಮಾಷೆಗೆಂದು ಅಂದರು. ಆ ತಮಾಷೆ ಉರಿಯುವ ಬೆಂಕಿಗೆ ಎಣ್ಣೆಯಾಯಿತು!

ಅವನ ಮುಖ ಬಾಡಿತು. ಎಲ್ಲರ ಧ್ವನಿಯಲ್ಲೂ ಮಾತಾಡುತ್ತಿದ್ದವನಿಗೆ ತನ್ನದೇ ಧ್ವನಿ ಸಿಗಲಿಲ್ಲ. ಒಳಗೆ ಹೋಗಿ, ಸೊಂಟದ ಚರ್ಮದ ಬೆಲ್ಟ್ ಬಿಚ್ಚಿ ತಂದು ಮುಂದೆ ಹಿಡಿದ.

"ಇದನ್ನ ಹೊಲ್ಕೊಳ್ಳಿ. ಗಟ್ಟಿ ಇದೆ."

"ನಿಮ್ಮ ಬೆಲ್ಟೂ ಬೇಡ, ನೀವೂ ಬೇಡ!"

ಜಗಲಿಯಲ್ಲೇ ಕೂತು ಸೂಜಿ ದಾರ ತೆಗೆದಳು. ತುಂಡಾದ ಪಟ್ಟಿಯ ತುದಿಗಳನ್ನು ಒಂದರ ಮೇಲೊಂದು ತಂದು ಜೋಡುಹೊಲಿಗೆ ಹಾಕಿದಳು. ಕಣ್ಣು ಮಂಜಾಗುತ್ತಿತ್ತು, ಕೈ ಮಾತ್ರ ಒಂದು ಹೊಲಿಗೆಯನ್ನೂ ತಪ್ಪಲಿಲ್ಲ. 'ಯಾರು ಏನೇ ಕತ್ತರಿಸಲಿ. ಈ ಕಂಡಿ ದಾಟೇ ದಾಟ್ತೀನಿ!'

ದೊಡ್ಡಮ್ಮ ಕಂಡಿಯ ಬುಡದ ಹುಲ್ಲುಗಾವಲಿನವರೆಗೆ ಜೊತೆಗೆ ಬಂದರು. ಅವರ ಮಂಡಿಗಳ ಒಪ್ಪಂದ ಅಲ್ಲಿಗೇ ಮುಗಿಯುತ್ತಿತ್ತು. ಇಬ್ಬರೂ ಬ್ಯಾಗುಗಳನ್ನು ಪಕ್ಕಪಕ್ಕ ಇಳಿಸಿ, ತೊರೆಗೆ ಹೋಗಿ ನೀರು ತುಂಬಿಕೊಂಡು ತಿರುಗಿದರು.

ಬ್ಯಾಗಿನ ಮೇಲೆ ಒಂದು ಕಂದು ಬೆನ್ನು!

ಸಾಹುಕಾರನ ತಮ್ಮನೋ ಷಡ್ಡಕನೋ! ಮುಂಗಾಲಲ್ಲಿ ಬಲಗಡೆಯ ಪಟ್ಟಿ ಹಿಡಿದು ಕರಕರ ಕಡಿಯುತ್ತಿತ್ತು. ದೊಡ್ಡಮ್ಮನ ಬ್ಯಾಗಿನಲ್ಲಿ ಬಿಸ್ಕತ್ತು ಇದ್ದರೂ ಅತ್ತ ತಿರುಗಿಯೂ ನೋಡಿರಲಿಲ್ಲ.

"ಏಯ್!!"

ಅದು ತಲೆ ಎತ್ತಿತು. 'ಊಟದ ಹೊತ್ತಲ್ಲಿ ಏನಮ್ಮಾ ಗಲಾಟೆ' ಎಂಬಂತೆ ನೋಡಿತು. ಅವಳು ಹತ್ತಿರ ಓಡಿದಾಗ ಬಂಡೆ ಹತ್ತಿ ನಿಂತು ಬಾಯಿ ತೆರೆಯಿತು.

"ಫ್ವೀಈಈ...!"

ಅವಳು ಬ್ಯಾಗಿನ ಪಕ್ಕ ಕೂತಳು. ಸಿಳ್ಳೆಯೂ ಇದರದೇ... ಕತ್ತರಿಯೂ ಇದರದೇ!

ಬೆಳಗ್ಗೆ ತಾನೇ ಹೊಲಿದ ತುದಿಯನ್ನು ಈಗ ಕಣ್ಣಿಟ್ಟು ನೋಡಿದಳು. ಕತ್ತರಿ ಕೊಯ್ದ ಬಟ್ಟೆ ನೇರ ಇರುತ್ತದೆ. ಇದು ಹಳೇ ಪೊರಕೆಯಂತೆ ಕೆದರಿತ್ತು. ಅಕ್ಷರ ಕಲಿಯುವ ಮೊದಲೇ ಕತ್ತರಿ ಹಿಡಿದವಳು ಅವಳು! ಕೋಪ ಕಣ್ಣಿಗೆ ಪಟ್ಟಿ ಕಟ್ಟಿತ್ತು.

'ಆದ್ರೆ ನನ್ನ ಬ್ಯಾಗೇ ಯಾಕೆ?'

ಅನುಮಾನ ಬಂದು ಪಟ್ಟಿಯ ತುದಿಯನ್ನು ನಾಲಿಗೆಗೆ ಮುಟ್ಟಿಸಿದಳು.

"ಅಯ್ಯೋ, ನೀನೂ ತಿನ್ನಕ್ಕೆ ಶುರು ಮಾಡಿದ್ಯೇನೇ?" ದೊಡ್ಡಮ್ಮ ಬೆಚ್ಚಿದರು.

"ಉಪ್ಪು ದೊಡ್ಡಮ್ಮಾ... ಉಪ್ಪು! ಬಣ್ಣ ಬಿಡದೇ ಇರಲಿ ಅಂತ ಪಟ್ಟೀನ ಉಪ್ಪುನೀರಲ್ಲಿ ನೆನೆಸಿದ್ದೆ. ಸರಿಯಾಗಿ ಜಾಲಿಸಲೇ ಇಲ್ಲ. ಮೇಲೆ ನನ್ನ ಬೆವರು ಬೇರೆ."

"ಇಲ್ಲಿ ಅವಕ್ಕೆ ಉಪ್ಪು ಸಿಗೋದೇ ಅಪರೂಪ. ಕೊಕ್ಕೆಗೆ ಹಾಕಿ ಅಂತ ಅವನು ಬಡ್ಕೊಂಡಿದ್ದು ಅದಕ್ಕೇ."

ಅವಳ ಕಣ್ಣಲ್ಲಿ ನೀರು ತುಂಬಿತು. ಅದೂ ಉಪ್ಪೇ. "ಉಪ್ಪು ಹಾಕಿದೋಳು ನಾನು. ಬೈಸಿಕೊಂಡೋರು ಅವರು."

ಬಲಗಡೆಯ ಪಟ್ಟಿ ಮೂರು ತುಂಡಾಗಿತ್ತು. ಹೊಲಿಯಲು ಏನೂ ಉಳಿದಿರಲಿಲ್ಲ.

ದೊಡ್ಡಮ್ಮ ಗಂಟಲು ಸರಿಮಾಡಿಕೊಂಡು ತಮ್ಮ ಬ್ಯಾಗಿಗೆ ಕೈ ಹಾಕಿದರು. ಹೊರಬಂದದ್ದು ಚರ್ಮದ ಬೆಲ್ಟು!

"ನೀನು ಬೇಡ ಅಂದ್ಮೇಲೆ ನನ್ನ ಕೈಗಿಟ್ಟ. 'ಅವರಿಗೆ ಬೇಕೇ ಬೇಕಾದ್ರೆ ಮಾತ್ರ ಕೊಡಿ, ನಾನು ಕೊಟ್ಟೆ ಅನ್ಬೇಡಿ' ಅಂದ. ಅಂದುಬಿಟ್ಟೆ ನೋಡು! ನನ್ನ ಬಾಯಲ್ಲಿ ನೀರೂ ನಿಲ್ಲಲ್ಲ."

ಅವಳು ಬೆಲ್ಟನ್ನು ಕೈಗೆ ತೆಗೆದುಕೊಂಡಳು. ನಡುವಿನ ತೂತೊಂದು ಹಿಗ್ಗಿತ್ತು. ದಿನವೂ ಅವನು ಸಿಕ್ಕಿಸುತ್ತಿದ್ದ ತೂತು. ಅದರ ಮೇಲೆ ಬೆರಳಾಡಿಸಿದಳು.

"ಈಗ್ಲೇ ವಾಪಸ್ ಹೋಗೋಣ್ವಾ? ಒಂದು ಮಾತು ಕ್ಷಮಿಸಿ ಅಂತ..." ಅಂದರು ದೊಡ್ಡಮ್ಮ.

"ಇಲ್ಲ ದೊಡ್ಡಮ್ಮ. ಅರ್ಧ ದಾರೀಲಿ ತಿರುಗಿದ್ರೆ ಅವರ ಬೆಲ್ಟಿಗೂ ಅವಮಾನ. ಮೊದಲು ಕಂಡಿ ದಾಟ್ತೀನಿ. ನೀವು ಅವರಿಗೆ ಏನೂ ಹೇಳ್ಬೇಡಿ. ನಾನೇ ಹೇಳ್ಬೇಕು."

"ನನ್ನ ಬಾಯಿಗೂ ಒಂದು ಹೊಲಿಗೆ ಹಾಕೇ ಹೋಗು ಹಾಗಾದ್ರೆ!"

ದಪ್ಪ ಸೂಜಿಯನ್ನು ಕಲ್ಲಿನಿಂದ ಬಡಿದು ಬಡಿದು ಚರ್ಮಕ್ಕೆ ಇಳಿಸಿದಳು. ಬೆರಳು ಚುಚ್ಚಿತು, ರಕ್ತ ಒರೆಸಿ ಮತ್ತೆ ಬಡಿದಳು. ಅಳಿದುಳಿದ ಹತ್ತಿಯನ್ನೆಲ್ಲ ತೊರೆಯಲ್ಲಿ ತಿಕ್ಕಿ ತಿಕ್ಕಿ ತೊಳೆದಳು. ಆಮೇಲೆ ಬ್ಯಾಗು ಹೆಗಲಿಗೇರಿಸಿ ಒಬ್ಬಳೇ ಹೊರಟಳು.

ಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿತು. ಅವಳು ತಲೆ ತಗ್ಗಿಸಿ ಮುಂದಕ್ಕೆ ತಳ್ಳಿದಳು. ಕಾಲಡಿಯ ಜಲ್ಲಿ ಜಾರಿತು, ಕೂತಳು, ಎದ್ದಳು. ಕಂಡಿಯ ನೆತ್ತಿಯಲ್ಲಿ ನಿಂತಾಗ ಎರಡು ಕಡೆಯ ಆಕಾಶವೂ ಅವಳದೇ! ಆಚೆ ಬದಿಯ ಸರೋವರಕ್ಕಿಳಿದು, ಅಲ್ಲಿ ತಂಗಿ, ಮರುದಿನ ಮತ್ತೆ ಹತ್ತಿದಳು. ಒಂದು ಹೊಲಿಗೆಯೂ ಬಿಚ್ಚಲಿಲ್ಲ.

ಈಚೆಗೆ ಇಳಿಯುವಾಗ ಮಂಜು ಕವಿಯಿತು. ಬಂಡೆ ಯಾವುದು, ದಾರಿ ಯಾವುದು, ಒಂದೂ ಕಾಣದು. ಎಡಕ್ಕೆ ಪ್ರಪಾತವಿತ್ತು ಎಂಬುದಷ್ಟೇ ನೆನಪು. ಮೊದಲ ಸಲ ಅವಳಿಗೆ ನಿಜವಾದ ಹೆದರಿಕೆಯಾಯಿತು.

ಆಗ... ಕೆಳಗಿನಿಂದ...

"ಫ್ವೀಈಈ...!"

'ಸಾಹುಕಾರಾ! ಕೂಗಪ್ಪಾ, ಕೂಗ್ತಾನೇ ಇರು!'

ಸಿಳ್ಳೆ ಹಿಡಿದು ಒಂದೊಂದೇ ಹೆಜ್ಜೆ ಇಳಿದಳು. ನಿಂತರೆ ಸಿಳ್ಳೆ, ತಪ್ಪಿದರೆ ಸಿಳ್ಳೆ. ಕೊನೆಗೆ ಮಂಜಿನೊಳಗೆ ಬಂಡೆ ಮೂಡಿತು. ಬಂಡೆಯ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತ ಒಂದು ಆಕೃತಿ.

ಆದರೆ ಈ ಸಾಹುಕಾರ ಸ್ವೆಟರ್ ಹಾಕಿದ್ದ! ಸೊಂಟಕ್ಕೆ ಡೇರೆಯ ಹಗ್ಗ ಬಿಗಿದಿದ್ದ. ಸಾಲದ್ದಕ್ಕೆ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡಿದ್ದ.

"ನೀವಾ...?"

"ಮಂಜಿದ್ರೆ ಅವನು ಬಿಲ ಬಿಟ್ಟು ಬರಲ್ಲ. ಈ ಸಲ ಹೊಡೆದಿದ್ದು ನಾನೇ ಮೇಡಂ." ಅವನ ತುಟಿ ಚಳಿಗೆ ಒಡೆದಿತ್ತು. "ಬೈಯಿರಿ."

ಬೈಯಲು ಬಾಯಿ ತೆರೆದರೆ ಅಳು ಬಂತು.

"ಪಟ್ಟಿ ಕತ್ತರಿಸಿದ್ದು ನೀವಲ್ಲ. ಉಪ್ಪು ಹಾಕಿದೋಳು ನಾನು. ನೀವು ನಿಜಾನೇ ಹೇಳಿದ್ರಿ, ನಾನು ಕೇಳಲಿಲ್ಲ. ತಪ್ಪಾಯ್ತು. ಎಲ್ಲರೆದುರು ಅಂದೆ, ಎಲ್ಲರೆದುರೇ ಹೇಳ್ತೀನಿ."

"ನನ್ನ ತಪ್ಪೂ ಇದೆ. ಕೊಕ್ಕೆ ಯಾಕೆ ಅಂತ ಬಿಡಿಸಿ ಹೇಳೋದು ಬಿಟ್ಟು ಜಂಬ ಹೊಡೆದೆ. ಯಾಕೋ... ನಿಮ್ಮೆದುರು ಅವರಿವರ ಥರ ಮಾತಾಡೋದು ಸುಲಭ. ನನ್ನ ಥರ ಮಾತಾಡೋದೇ ಕಷ್ಟ."

"ಈಗ ಮಾತಾಡ್ತಿದೀರಲ್ಲ."

"ಹ್ಞೂಂ. ಈಗ ನಾನೇ." ಅವನು ಉಸಿರೆಳೆದುಕೊಂಡ. "ನಿನ್ನೆಯಿಂದ ಕಂಡಿ ಕಡೇನೇ ನೋಡ್ತಿದ್ದೆ. ಬ್ಯಾಗು ಬರುತ್ತೋ ಇಲ್ವೋ ಅಂತಲ್ಲ. ನೀವು ಬರ್ತೀರೋ ಇಲ್ವೋ ಅಂತ."

ಅವಳು ಕಣ್ಣೊರೆಸಿಕೊಂಡಳು. ಗಲ್ಲ ಮೇಲೆತ್ತಿದಳು.

"ಅಣ್ಣನಿಗೆ ಉಪ್ಪಿನ ವಿಷಯಾನೂ ಹೇಳ್ತೀನಿ, ಹೊಲಿಗೆ ವಿಷಯಾನೂ ಹೇಳ್ತೀನಿ. ನಾಳೆಯಿಂದ ನನ್ನ ಬ್ಯಾಗಿಗೆಲ್ಲ ಒಂದು ಪಟ್ಟಿ ಚರ್ಮದ್ದೇ."

"ಅದು ಸರಿ, ನನ್ನ ಬೆಲ್ಟು?"

"ಹೊಲಿದಾಯ್ತು. ಒಂದ್ಸಲ ಹೊಲಿದಿದ್ದನ್ನ ನಾನು ಬಿಚ್ಚಲ್ಲ."

"ಹಾಗಾದ್ರೆ ಬೆಲ್ಟಿನ ಹಿಂದೆ ನಾನೂ ಬರ್ಬೇಕಾಗುತ್ತೆ. ಹಿಮ ಬಿದ್ದು ಸಾಹುಕಾರ ಚಳಿಗಾಲದ ನಿದ್ದೆಗೆ ಮಲಗಿದ್ಮೇಲೆ ತಂಗುಮನೆಗೆ ಬೀಗ."

"ಕಾರ್ಖಾನೆ ಗೋಡೆಗೆ ಕೊಕ್ಕೆ ಹೊಡೆಯೋಕೆ ಒಬ್ಬರು ಬೇಕಾಗಿದ್ರು..." ಅವಳ ಕಿವಿ ಮತ್ತೆ ಕೆಂಪಾಯಿತು. "ಅಷ್ಟು ದಿನ ಪ್ಯಾಂಟು ಹಿಡ್ಕೊಂಡೇ ಇರ್ತೀರಾ?"

"ಒಂದು ಕೈ ಅದಕ್ಕೇ ಮೀಸಲು. ಇನ್ನೊಂದು ಖಾಲಿ ಇದೆ."

ಆ ಖಾಲಿ ಕೈಯನ್ನು ಅವಳು ಹಿಡಿದಳು. ಸೂಜಿ ಚುಚ್ಚಿದ ಬೆರಳನ್ನು ಅವನು ಮೆಲ್ಲಗೆ ಮುಚ್ಚಿದ. ಇಬ್ಬರೂ ಮಂಜಿನಲ್ಲಿ ಇಳಿಯತೊಡಗಿದರು.

"ರೀ..."

"ಹ್ಞಾಂ?"

"ಇನ್ನೊಂದ್ಸಲ ಹೊಡೀರಿ."

"ದಾರಿ ಸಿಕ್ಕಿತಲ್ಲ, ಇನ್ಯಾಕೆ?"

"ದಾರಿಗಲ್ಲ," ಅಂದಳು ಅವಳು. "ನನಗೆ."